ನೀಲಕಂಠಪ್ಪನ ಗೋಡೆಗೆ ಬಂದ ಬಣ್ಣ

ನೀಲಕಂಠಪ್ಪ ದಿನಾ ಆ ಚಿತ್ರದ ಮುಂದೆ ನಿಲ್ಲುತ್ತಿದ್ದದ್ದು ಗಾಳಿಗಾಗಿ. ಅವನು ಕ್ಲಾರ್ಕ್ ಆಗಿದ್ದ ಫೋರ್ಟಿನ ಹಡಗು ಕಂಪನಿಯಲ್ಲಿ ಫ್ಯಾನು ನೆಟ್ಟಗೆ ತಿರುಗುತ್ತಿದ್ದದ್ದು ಸಾಹೇಬರ ಕೋಣೆಯಲ್ಲಿ ಮಾತ್ರ. ಅದರ ಗಾಳಿ ಸರಿಯಾಗಿ ಬೀಳುತ್ತಿದ್ದದ್ದು ಎಡಗೋಡೆಯ ಚಿತ್ರದ ಎದುರಿಗೆ. ಫೈಲಿಗೆ ಸಹಿ ಬೀಳುವವರೆಗೆ ಅವನು ಗೋಡೆಗೆ ಮುಖ ಮಾಡಿ ನಿಂತು, ಬೆವರಿದ ಅಂಗಿಯ ಬೆನ್ನು ಒಣಗಿಸಿಕೊಳ್ಳುತ್ತಿದ್ದ.

ಕೈಖುಶ್ರೂ ಸಾಹೇಬರು ಇದನ್ನು ಮೂರು ತಿಂಗಳು ಗಮನಿಸಿದರು. ಒಂದು ಶನಿವಾರ ಪೆನ್ನು ಮುಚ್ಚಿಟ್ಟು, "ನೀಲಕಂಠ, ಈ ಆಫೀಸಿನಲ್ಲಿ ಈ ಚಿತ್ರವನ್ನು ಕಣ್ಣೆತ್ತಿ ನೋಡುವವನು ನೀನೊಬ್ಬನೇ" ಎಂದರು. "ನನ್ನ ತಂಗಿಯ ಮಗ ಫರೇದೂನ್ ಬರೆದದ್ದು. ಪ್ಯಾರಿಸ್ಸಿನಲ್ಲಿ ಕಲಿತು ಬಂದಿದ್ದಾನೆ. ಇದನ್ನು ನಿನ್ನ ಮನೆಗೆ ಒಯ್ದು ಗೋಡೆಗೆ ಹಾಕು. ನಾಳೆ ಐದಕ್ಕೆ ಚಹಾಕ್ಕೆ ಬರುತ್ತೇವೆ. ನಿನಗೆ ಇದರಲ್ಲಿ ಏನು ಕಾಣುತ್ತದೆ ಅಂತ ಅವನ ಎದುರಿಗೆ ಹೇಳಬೇಕು."

ತಾನು ನಿಂತದ್ದು ಗಾಳಿಗೆ ಎಂದು ಹೇಳಿಬಿಡಬೇಕೆನಿಸಿತು ನೀಲಕಂಠಪ್ಪನಿಗೆ. ಆದರೆ ಹೆಡ್ ಕ್ಲಾರ್ಕ್ ನಿವೃತ್ತನಾಗಿ ಆಗಲೇ ಒಂದು ವಾರವಾಗಿತ್ತು, ಆ ಕುರ್ಚಿಗೆ ಯಾರೆಂದು ಸಾಹೇಬರು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಅವನು ಚಿತ್ರವನ್ನು ತಲೆಯ ಮೇಲೆ ಹೊತ್ತು, ಲೋಕಲ್ ಟ್ರೇನಿನಲ್ಲಿ ಹತ್ತು ಜನರ ಬೈಗುಳ ತಿಂದು, ಪರೇಲಿನ ಚಾಳಿನಲ್ಲಿದ್ದ ತನ್ನ ಒಂದೇ ಕೋಣೆಯ ಮನೆಗೆ ತಂದ.

ಆ ಚಿತ್ರದಲ್ಲಿ ಗಿಡವಿಲ್ಲ, ಮನುಷ್ಯನಿಲ್ಲ, ಒಂದು ಕಾಗೆ ಕೂಡ ಇಲ್ಲ. ಒಂದು ಕಡೆಯಿಂದ ಹಳದಿ ಬಂದು, ಎದುರಿನಿಂದ ಬಂದ ಕೇಸರಿಯೊಳಗೆ ಎಲ್ಲಿ ಕರಗಿತೆಂದು ತಿಳಿಯದ ಹಾಗೆ ಕರಗಿತ್ತು. ಅಂಚಿಗೆ ನೇರಳೆಯ ಒಂದು ನೆರಳು.

ಅವನ ಹೆಂಡತಿ ಚಂದ್ರವ್ವ ಸೆರಗಿನಿಂದ ಕೈ ಒರೆಸಿಕೊಂಡು ನೋಡಿದಳು. "ಹೊಸಾ ಸೀರಿ ಒಗದಾಗ ಬಣ್ಣ ಬಿಟ್ಟಂಗ ಐತಿ. ಇದಕ್ಕ ಪ್ಯಾರಿಸ್ಸಿಗೆ ಯಾಕ ಹೋಗಬೇಕಿತ್ರಿ?"

ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ ಅವನು ಚಿತ್ರವನ್ನು ಗೋಡೆಗೆ ಹಿಡಿದ. ಆಗ ಹೊಳೆಯಿತು, ಯಾವುದು ಮೇಲು ಯಾವುದು ಕೆಳಗು ಅವನಿಗೆ ನೆನಪಿರಲಿಲ್ಲ. ಮೂರು ತಿಂಗಳು ಮೂಗಿನ ಮುಂದೆ ಇದ್ದ ಚಿತ್ರ. ಪಕ್ಕದ ಕೋಣೆಯ ಕಾಶವ್ವ, ಬೆಳಗಾವಿ ಕಡೆಯ ಹಿರಿಯ ಹೆಂಗಸು, ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟಳು: "ಹಳದಿ ಮ್ಯಾಲ ಇರ್ಲಿ ತಮ್ಮಾ. ಅರಿಷಿಣ ಯಾವಾಗ್ಲೂ ಮ್ಯಾಲ."

ಎದುರು ಕೋಣೆಯ ಸೀನ ಒಪ್ಪಲಿಲ್ಲ. ಅವನು ಉಡುಪಿ ಕಡೆಯವ, ಫೋರ್ಟಿನ ಒಂದು ಹೋಟೆಲಿನಲ್ಲಿ ಸಪ್ಲೈಯರ್. ಚಿತ್ರಗಾರರು ಅವನ ಟೇಬಲ್ಲಿನಲ್ಲಿ ಕೂತು ಗಂಟೆಗಟ್ಟಲೆ ಹರಟುತ್ತಿದ್ದರಂತೆ. "ಇಂಥದ್ದಕ್ಕೆ ಮೇಲೆ ಕೆಳಗೆ ಅಂತ ಇಲ್ಲ ಮಾರಾಯ್ರೆ. ಅವರು ಕೇಳಿದರೆ ನೀವು ಇಷ್ಟೇ ಹೇಳಿ. ಇದರಲ್ಲಿ ಆಕಾಶ ಉಂಟು, ಅನಂತ ಉಂಟು, ಆತ್ಮದ ಸಂಗೀತ ಉಂಟು. ಮತ್ತೆ ಕಣ್ಣು ಮುಚ್ಚಿ ಒಂದು ಉಸಿರು ಬಿಡಿ. ಎಲ್ಲರೂ ಹಾಗೇ ಮಾಡ್ತಾರೆ."

ನೀಲಕಂಠಪ್ಪ ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾ ಮೊಳೆಗೆ ಸುತ್ತಿಗೆ ಹಾಕಿದ. ಮೂರನೆಯ ಏಟಿಗೆ ತಟ್ಟೆಯಗಲದ ಗಾರೆ ಕಳಚಿ ಬಿತ್ತು. ಆರನೆಯ ಏಟಿಗೆ ಗೋಡೆಯ ಆಚೆ ಕಾಶವ್ವನ ಹಲಗೆ ಜಾರಿ, ಅದರ ಮೇಲಿದ್ದ ಉಪ್ಪಿನಕಾಯಿಯ ಭರಣಿ ನೆಲಕ್ಕೆ ಬಂತು. ಕಾಶವ್ವ ಓಡಿಹೋಗಿ, ತಿರುಗಿ ಬಂದು, ಭರಣಿಯ ಒಂದು ಚೂರನ್ನು ಅವನ ಮುಂದೆ ಇಟ್ಟಳು. ಬೈದಿದ್ದರೆ ನೀಲಕಂಠಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು.

ಗೋಡೆಯಲ್ಲಿ ಈಗ ಬೆಕ್ಕು ನುಗ್ಗುವಷ್ಟು ಕುಳಿ. ಎರಡು ವರ್ಷದಿಂದ ಸುಣ್ಣ ಹೊಡೆಸಿಕೊಡಿ ಎಂದು ಚಾಳಿನವರೆಲ್ಲ ಮಾಲಕನಿಗೆ ಅರ್ಜಿ ಕೊಡುತ್ತಿದ್ದರು. ಸೀನ ಓಡಿಹೋಗಿ ಕೆಳಗಿದ್ದ ಮಾಲಕನ ಗುಮಾಸ್ತನನ್ನು, ಗೋಡೆಗೆ ಒಬ್ಬ ಪೇಂಟರನ್ನು ಕಳಿಸಿ ಎಂದು ಕಾಡಿದ. ಗುಮಾಸ್ತ, "ಕಳಿಸ್ತೀನಿ, ಕಳಿಸ್ತೀನಿ" ಎಂದನಂತೆ.

ಮೂರು ಗಂಟೆಯ ಹೊತ್ತಿಗೆ ಬಾಗಿಲಲ್ಲಿ ಒಬ್ಬ ನಿಂತಿದ್ದ. ಸುಕ್ಕಾದ ಪೈಜಾಮ, ಹರಿದ ಚಪ್ಪಲಿ, ಉಗುರಿನ ಸಂದಿನಲ್ಲೆಲ್ಲ ಬಣ್ಣ. "ನೀಲಕಂಠಪ್ಪನವರ ಮನೆ ಇದೇನಾ? ನಾನು ಪೇಂಟರ್" ಎಂದ ಹಿಂದಿಯಲ್ಲಿ.

ಚಂದ್ರವ್ವ ದೇವರ ಪಟದ ಕಡೆ ತಿರುಗಿ ಕೈಮುಗಿದಳು. ಮಾಲಕ ಒಮ್ಮೆಯಾದರೂ ಮಾತು ಉಳಿಸಿಕೊಂಡನಲ್ಲ. ನೀಲಕಂಠಪ್ಪ ಹಿಂದಿ, ಮರಾಠಿ, ಕನ್ನಡ ಮೂರನ್ನೂ ಕಲಸಿ, ಕುಳಿ ತೋರಿಸಿ, ಐದರೊಳಗೆ ಮುಚ್ಚಬೇಕೆಂದ. ಬಂದವನು ಕುಳಿಯನ್ನೂ ಗೋಡೆಗೆ ಒರಗಿಸಿದ್ದ ಚಿತ್ರವನ್ನೂ ಒಂದು ಗಳಿಗೆ ನೋಡಿ, ತೋಳು ಮಡಚಿದ. ಕಾಶವ್ವ ಹಬ್ಬಕ್ಕೆಂದು ಇಟ್ಟಿದ್ದ ಸುಣ್ಣ ತಂದುಕೊಟ್ಟಳು. ಅವನು ಸ್ಟೂಲು ಹತ್ತಿ ಗಾರೆ ತುಂಬತೊಡಗಿದ. ಕೈ ಮಾತ್ರ ನಾಜೂಕು. ಹಪ್ಪಳಕ್ಕೆ ಎಣ್ಣೆ ಸವರಿದ ಹಾಗೆ.

"ಕೆಲಸಗಾರ ಛಲೋ ಅದಾನ" ಎಂದಳು ಚಂದ್ರವ್ವ. "ಹಂಗ ಈ ಚಿತ್ರಕ್ಕೂ ಏನಾರ ಮಾಡಾಕ ಆಗತೈತೇನು ಕೇಳ್ರಿ. ಒಂದು ಗಿಳಿಯರ ಬರೀಲಿ."

"ನಾಕು ಹಸು ಹಾಕು ತಮ್ಮಾ" ಎಂದಳು ಕಾಶವ್ವ. "ಇಲ್ಲಂದ್ರ ಒಂದು ಗುಡಿ."

ಪೇಂಟರ್ ಸ್ಟೂಲಿನ ಮೇಲಿಂದಲೇ ಕೇಳಿದ. "ನಿಮಗೆ ಏನು ಬೇಕು, ಸೇಠ್?"

ತನ್ನನ್ನು ಯಾರೂ ಸೇಠ್ ಎಂದು ಕರೆದಿರದ ನೀಲಕಂಠಪ್ಪ ಮನಸ್ಸು ಬಿಚ್ಚಿದ. ಈ ಚಿತ್ರ ತನ್ನ ತಲೆಗೆ ಬಂದು ಬಿದ್ದ ಬಗೆ, ಫ್ಯಾನಿನ ಗಾಳಿ, ಖಾಲಿ ಕುರ್ಚಿ, ಎಲ್ಲ ಅದೇ ಕಲಸು ಭಾಷೆಯಲ್ಲಿ ಹೇಳಿದ. "ಇದರಾಗ ಏನೈತಿ ಅಂತ ನಮ್ಮಪ್ಪನಾಣೆ ನನಗ ಗೊತ್ತಿಲ್ಲ" ಎಂದ. ಆಮೇಲೆ ಚಿತ್ರದ ಕಡೆ ನೋಡಿ, ಸ್ವಲ್ಪ ತಡೆದು, "ಆದ್ರ ನಿನ್ನೆ ಟ್ರೇನಿನಾಗಿಂದ ಬಂದವನ ತಲಿನೋವು ಇದನ್ನ ನೋಡ್ತಾ ಕೂತಾಗ ಇಳೀತು. ಮನ್ಯಾಗ ಇನ್ನೊಂದು ಕ್ವಾಣಿ ಇದ್ದಂಗ ಅನಿಸ್ತು. ಅದನ್ನ ದೊಡ್ಡವರ ಮುಂದ ಹೇಳಾಕ ಆಗತೈತೇನು?"

ಪೇಂಟರ್ ಸುಣ್ಣದಲ್ಲಿ ಬಟ್ಟೆ ಅದ್ದಿದ.

ಐದಕ್ಕೆ ಹತ್ತು ನಿಮಿಷವಿರುವಾಗ ಸೀನ ಮೆಟ್ಟಿಲಿನಿಂದ ಕೂಗಿದ, "ಬಂದರು, ಬಂದರು, ಸೂಟು ಹಾಕಿದ್ದಾರೆ." ಹ್ಯಾಟು, ಟೈ, ಕೈಯಲ್ಲಿ ಚರ್ಮದ ಚೀಲ. ಪ್ಯಾರಿಸ್ಸು ಅವರ ಬೂಟಿನಲ್ಲಿ ಹೊಳೆಯುತ್ತಿತ್ತು. ಇವರೇ ಫರೇದೂನ್, ಸಾಹೇಬರು ಹಿಂದೆ ಬರುತ್ತಿರಬಹುದೆಂದುಕೊಂಡು ನೀಲಕಂಠಪ್ಪ ಬಂದವರನ್ನು ಇದ್ದ ಒಂದೇ ಕುರ್ಚಿಯಲ್ಲಿ ಕೂರಿಸಿ, ಚಿತ್ರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಬಾಯಿಪಾಠ ಸುರುವಾಯಿತು. ಆಕಾಶ, ಅನಂತ, ಆತ್ಮದ ಸಂಗೀತ. ಕಣ್ಣು ಮುಚ್ಚಿದ, ಉಸಿರು ಬಿಟ್ಟ.

ಬಂದ ಮಹಾಶಯರು ಕೊನೆಯವರೆಗೆ ತಾಳ್ಮೆಯಿಂದ ಕೇಳಿದರು. ಬಳಿಕ ಚೀಲ ತೆರೆದು, "ಬಹಳ ಸಂತೋಷ. ಮನೆಯಲ್ಲಿ ಹೊಲಿಗೆ ಯಂತ್ರ ಇದೆಯೇ?" ಎಂದು ಕೇಳಿದರು.

ಹೊಲಿಗೆ ಯಂತ್ರದ ಏಜೆಂಟರನ್ನು ಸಾಗಹಾಕುವಷ್ಟರಲ್ಲಿ ಕೈಖುಶ್ರೂ ಸಾಹೇಬರು ಏದುಸಿರು ಬಿಡುತ್ತಾ ಮೂರು ಮಹಡಿ ಹತ್ತಿ ಬಂದರು. ಒಬ್ಬರೇ. ನೀಲಕಂಠಪ್ಪ ಅವರ ಬೆನ್ನ ಹಿಂದೆ ಇಣುಕಿ ನೋಡಿದ. ಸಾಹೇಬರು ಇವನನ್ನು ನೋಡಲೇ ಇಲ್ಲ. ಸ್ಟೂಲಿನ ಕಡೆ ನೋಡಿ ಬಾಯಿ ತೆರೆದರು.

"ಫರೇದೂನ್, ನೀನು ಅಲ್ಲಿ ಮೇಲೆ ಏನು ಮಾಡುತ್ತಿದ್ದೀ?"

ಚಂದ್ರವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಕಾಶವ್ವ ಹಸುವಿನ ವಿಚಾರ ನೆನೆದು ಮೆಲ್ಲಗೆ ಬಾಗಿಲ ಆಚೆ ಸರಿದಳು. ನೀಲಕಂಠಪ್ಪನಿಗೆ ಹೆಡ್ ಕ್ಲಾರ್ಕಿನ ಕುರ್ಚಿ ಮಾತ್ರವಲ್ಲ, ಆಫೀಸಿನಲ್ಲಿ ತಾನು ಈಗ ಕೂರುತ್ತಿದ್ದ ಸ್ಟೂಲೂ ಮೆಟ್ಟಿಲಿಳಿದು ಹೋಗುತ್ತಿರುವಂತೆ ಕಂಡಿತು.

ಫರೇದೂನ್ ಕೆಳಗಿಳಿದು ಕೈ ಒರೆಸಿಕೊಂಡ. "ಬೇಗ ಬಂದೆ ಮಾಮಾ. ನೀವು ಇರುವಾಗ ಜನ ನಿಜ ಹೇಳುವುದಿಲ್ಲ." ನೀಲಕಂಠಪ್ಪ ಕಣ್ಣು ಮುಚ್ಚಿದ, ಈ ಸಲ ಸೀನ ಕಲಿಸಿದ್ದಕ್ಕಲ್ಲ. "ಈ ಚಿತ್ರದ ಎದುರು ಕೂತರೆ ತಲೆನೋವು ಇಳಿಯುತ್ತದೆ, ಮನೆಯಲ್ಲಿ ಇನ್ನೊಂದು ಕೋಣೆ ಇದ್ದ ಹಾಗೆ ಅನಿಸುತ್ತದೆ ಅಂದರು ಇವರು. ಪ್ಯಾರಿಸ್ಸಿನಲ್ಲಿ ಕೂಡ ಯಾರೂ ನನಗೆ ಹೀಗೆ ಹೇಳಿರಲಿಲ್ಲ."

ಫ್ಯಾನಿನ ಸುದ್ದಿ ಬರಲಿಲ್ಲ. ಗಿಳಿಯ ಸುದ್ದಿಯೂ ಬರಲಿಲ್ಲ. ನೀಲಕಂಠಪ್ಪ ಸಾಹೇಬರ ಕಡೆ ಕುರ್ಚಿ ಸರಿಸಿದ. ಚಂದ್ರವ್ವ ಚಹಾಕ್ಕೆ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿದಳು. ಕಾಶವ್ವ ಅವಲಕ್ಕಿ ತಂದಳು. ಬಾಗಿಲಿನಿಂದ ಸಂಜೆಯ ಬಿಸಿಲು ಬಂದು ಚಿತ್ರದ ಮೇಲೆ ಬಿದ್ದಾಗ ಹಳದಿ ಕೇಸರಿಯೊಳಗೆ ಮೆಲ್ಲಗೆ ಇಳಿಯತೊಡಗಿತು, ಎಲ್ಲರೂ ಚಹಾದ ಬಸಿ ಕೈಯಲ್ಲಿ ಹಿಡಿದು ನೋಡಿದರು. ಇಷ್ಟು ನಿರಾಳವಾಗಿ ನೀಲಕಂಠಪ್ಪ ವರ್ಷಗಳಿಂದ ಚಹಾ ಕುಡಿದಿರಲಿಲ್ಲ.

ಸಾಹೇಬರು ಅವನ ಭುಜ ತಟ್ಟಿದರು. "ಆ ಹೆಡ್ ಕ್ಲಾರ್ಕ್ ಕುರ್ಚಿಗೆ ನಿನ್ನ ಹೆಸರೇ ಮನಸ್ಸಿನಲ್ಲಿತ್ತು, ನೀಲಕಂಠ. ಈಗ ಬೇಡ ಅನಿಸುತ್ತದೆ. ಇಂಥ ಕಣ್ಣನ್ನು ಇನ್ನಷ್ಟು ಫೈಲುಗಳಲ್ಲಿ ಹುಗಿಯುವುದು ಪಾಪ. ನೀನು ಇದ್ದಲ್ಲೇ ಇರು."

"ಹೌದ್ರಿ ಸಾಹೇಬ್ರ" ಎಂದ ನೀಲಕಂಠಪ್ಪ. ಇದ್ದದ್ದಾದರೂ ಉಳಿಯಿತಲ್ಲ ಎಂದು ಅವನಿಗೆ ಅದೂ ಸಿಹಿಯಾಗಿಯೇ ಕೇಳಿಸಿತು.

ಫರೇದೂನ್ ಚಿತ್ರವನ್ನು ಕಂಕುಳಿಗೆ ಸಿಕ್ಕಿಸಿಕೊಂಡ. "ಇದನ್ನು ನಾನು ವಾಪಸು ಒಯ್ಯುತ್ತೇನೆ. ನಿಮಗೆ ಇದು ತೀರಾ ಚಿಕ್ಕದು." ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಉಸಿರು ಬಿಟ್ಟರು. ಫರೇದೂನ್ ಮುಂದುವರಿಸಿದ. "ಗೋಡೆಯ ಕೆಲಸ ಒಪ್ಪಿಕೊಂಡಿದ್ದೇನಲ್ಲ. ಈ ಗೋಡೆ ಪೂರ್ತಿ, ಆ ಗೋಡೆ ಪೂರ್ತಿ, ಸಾಧ್ಯವಾದರೆ ಛಾವಣಿ ಕೂಡ, ಇದೇ ಹಳದಿ, ಇದೇ ಕೇಸರಿ. ಎರಡು ತಿಂಗಳು ಹಿಡಿಯುತ್ತದೆ. ದಿನಾ ಬೆಳಿಗ್ಗೆ ಆರಕ್ಕೆ ಬರುತ್ತೇನೆ."

ಚಂದ್ರವ್ವ ಬಸಿ ಕೆಳಗಿಟ್ಟು ಗಂಡನ ಕಡೆ ನೋಡಿದಳು. ಸಾಹೇಬರು ಅಭಿಮಾನದಿಂದ ತಲೆದೂಗುತ್ತಿದ್ದರು. ನೀಲಕಂಠಪ್ಪ ಹತ್ತಡಿ ಹನ್ನೆರಡಡಿಯ ತನ್ನ ಕೋಣೆಯನ್ನು ಸುತ್ತ ಒಮ್ಮೆ ನೋಡಿದ. ಬೇಡ ಎನ್ನುವ ಧೈರ್ಯ ಅವನಿಗೆ ಹುಟ್ಟಿನಿಂದಲೂ ಇರಲಿಲ್ಲ.

"ಹಂಗಾದ್ರ ಮ್ಯಾಲಿಂದ ಸುರು ಮಾಡ್ರಿ" ಎಂದ ಕೈಜೋಡಿಸಿ. "ಕೆಳಗ ನಾವು ಮಲಗತೀವಿ."

ಫರೇದೂನ್ ತಲೆಯೆತ್ತಿ ಛಾವಣಿ ನೋಡಿದ. ಬಳಿಕ ಮಾಮನ ಕಡೆ ತಿರುಗಿ ಮೆಲುದನಿಯಲ್ಲಿ ಹೇಳಿದ:

"ನೋಡಿದಿರಾ, ಬಣ್ಣ ಮೇಲಿನಿಂದ ಇಳಿಯಬೇಕು ಅಂತ ಕೂಡ ಇವರಿಗೆ ಗೊತ್ತು."