ಕಾಕಾನ ಕಂಪ್ಯೂಟರಿನ ಹಿಂದಿನ ಬೆಳಕು

ಮೊದಲು ರೇಟು ಹೇಳಿಬಿಡುತ್ತೇನೆ. ಝೀರೋ ಬಲ್ಬು ಹತ್ತು ರೂಪಾಯಿ, ಹೋಲ್ಡರು ಆರು ರೂಪಾಯಿ. ವಾಯರಿನ ತುಂಡು ಪುಕ್ಕಟೆ. ನಮ್ಮ ಕಾಕು, ಅಂದರೆ ಚಿಕ್ಕಮ್ಮನ, ತಲೆನೋವಿಗೆ ಇಷ್ಟೇ ಸಾಕಾಗಿತ್ತು. ಆದರೆ ನಮ್ಮ ಕಾಕಾ ಅದಕ್ಕೆ ಒಂದು ಹೊಸ ಸೈಕಲ್ ಬರುವಷ್ಟು ದುಡ್ಡು ಸುರಿದರು! ಹುಕ್ಕೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತವರು ಆಗಲೇ ಹತ್ತಾರು ಮಂದಿ ಇದ್ದರು. ಕಂಪ್ಯೂಟರಿನ ಹಿಂದೆ ಕೂತು ಒಂದು ವರ್ಷ ಕಳೆದವರು ಮಾತ್ರ ನಮ್ಮ ಕಾಕಾ ಒಬ್ಬರೇ.

ಅದು ಮಾನಿಟರುಗಳಿಗೆ ಎಮ್ಮೆಯಷ್ಟು ದಪ್ಪ ಬೆನ್ನಿದ್ದ ಕಾಲ. ಕಾಕಾನದು ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಪ್ರೆಸ್ಸು. ಅಚ್ಚಿನ ಮೊಳೆ ಜೋಡಿಸುವ ಕಾಲ ಮುಗಿಯಿತೆಂದು ಕಂಪ್ಯೂಟರ್ ತಂದರು. ತಂದವರು ಅವರು, ಕಲಿತವರು ಕಾಕು. ಏಳನೆಯ ಇಯತ್ತೆಗೆ ಸಾಲಿ ಬಿಟ್ಟು ಲಗ್ನವಾಗಿ ಬಂದ ಕಾಕು, ನಲವತ್ತೈದು ದಾಟಿದ ಮೇಲೆ ಕೀಬೋರ್ಡು ಕಲಿತು, ಯಾರ ಮಗಳು ಯಾರ ಸೊಸೆಯಾಗುತ್ತಾಳೆಂದು ಸುತ್ತಿನ ಊರುಗಳಲ್ಲೆಲ್ಲ ಎಲ್ಲರಿಗಿಂತ ಮೊದಲು ತಿಳಿದುಕೊಳ್ಳುವ ಹೆಂಗಸಾದರು. "ಕಂಪ್ಯೂಟರ್ ಅಕ್ಕಾರು ಅದಾರೇನ್ರಿ?" ಎಂದು ಯಾರಾದರೂ ಬಾಗಿಲಲ್ಲಿ ಕೇಳಿದರೆ ಕಾಕುವಿನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಆಮೇಲೆ ತಲೆನೋವು ಶುರುವಾಯಿತು. ಆಗದೆ ಏನು? ಕಂಪ್ಯೂಟರಿನ ಕೋಣೆಯನ್ನು ಕಾಕಾ ದೇವರ ಕೋಣೆಗಿಂತ ಮಡಿಯಾಗಿ ಇಟ್ಟಿದ್ದರು. ಚಪ್ಪಲಿ ಹೊರಗೆ. ಬಾಜೂಕ್ಕೆ ಹಿಟ್ಟಿನ ಗಿರಣಿ ಇದ್ದುದರಿಂದ ಕಿಟಕಿಗೆ ಮೊಳೆ, ಮೊಳೆಯ ಮೇಲೆ ಕರಿ ಬಟ್ಟೆ. ಮೇಲಿನ ಟ್ಯೂಬ್‌ಲೈಟ್ ಹಾಕಿದರೆ ಅದು ಪರದೆಯೊಳಗೇ ಹೊಳೆದು ಅಕ್ಷರ ಕಾಣುವುದಿಲ್ಲ, ಆರಿಸಿದರೆ ಕತ್ತಲೆಯಲ್ಲಿ ಪರದೆಯೊಂದೇ ಧಗಧಗ. ಗೋಕಾಕದ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, "ಕಣ್ಣು ಛಲೋ ಅದಾವ್ರಿ. ಪರದೆದ ಹಿಂದ ಒಂದು ಸಣ್ಣ ದೀಪ ಹಚ್ಚರಿ, ಗ್ವಾಡಿ ಮ್ಯಾಲ ಬೆಳಕ ಬೀಳ್ಲಿ. ಅದಕ್ಕೂ ಹೋಗಲಿಲ್ಲಂದ್ರ ಕಂಪ್ಯೂಟರ್ ಬಿಡೂದ ಛಲೋ" ಎಂದರು.

ಹೊರಗೆ ಬಂದೊಡನೆ ಕಾಕಾ ಘೋಷಿಸಿದರು: "ಕಡಿಮಿ ಆಗದ ಹೆಚ್ಚಾತಂದ್ರ ಆ ಡಬ್ಬಿ ಮಾರಿಬಿಡ್ತೇನಿ!" ಕಾಕುವಿನ ಮುಖ ಸಣ್ಣದಾಯಿತು.

ಇಲ್ಲಿ ನಾನು ಬರುತ್ತೇನೆ. ಅಂಕಲಗಿ ಸಂತೆಯಲ್ಲಿ ಚೀಲ ಹಾಸಿ ಬ್ಯಾಟರಿ ಸೆಲ್ಲು ಮಾರುತ್ತ ಮೇಲೆ ಬಂದು, ಗೋಕಾಕದಲ್ಲಿ ಎಲೆಕ್ಟ್ರಿಕಲ್ ಅಂಗಡಿ ಹಾಕಿದವನು ನಾನು. ಕಾಕಾ ನೇರವಾಗಿ ನನ್ನ ಅಂಗಡಿಗೇ ಬಂದರು.

"ಮನಿ ಮಂದಿ ಕಡೆ ರೊಕ್ಕ ತಗೋತಿ ಏನಲೇ?"

"ಮನಿ ಮಂದಿ ಅಂತನ ಅಸಲ ಹೇಳೇನ್ರಿ ಕಾಕಾ. ಹೊರಗಿನವ್ರಿಗೆ ಹೇಳೂ ರೇಟ್ ಕೇಳಿದ್ರ ನಿಮಗೂ ತಲಿನೋವು ಬರ್ತೈತಿ."

ಹಾಲಿನ ಬಣ್ಣದ ಝೀರೋ ಬಲ್ಬು ಒಯ್ದರು. ಮಾನಿಟರಿನ ಬೆನ್ನಿಗೆ ಕಟ್ಟಿದರು. ಮರುದಿನ ಮುಂಜಾನೆ ಎದ್ದ ಕೂಡಲೇ ಕಾಕುವನ್ನು ಕೇಳಿದರಂತೆ: "ತಲಿ ಹೆಂಗೈತಿ?"

"ಸ್ವಲ್ಪ ಕಡಿಮಿ ಆದಂಗ ಐತ್ರಿ."

ಸ್ವಲ್ಪ! ಆ ಒಂದು ಮಾತು ಕಾಕಾನೊಳಗಿನ ವಿಜ್ಞಾನಿಯನ್ನು ಎಬ್ಬಿಸಿತು. ಡಾಕ್ಟರು ಹೇಳಿದ್ದು ಬರೀ ಬೆಳಕು. ಬಣ್ಣ ಕಾಕಾನ ಸ್ವಂತ ಸಂಶೋಧನೆ. "ಕಬ್ಬಿನ ಹೊಲಾ ನೋಡಿದ್ರ ಕಣ್ಣ ತಂಪ ಆಗ್ತಾವೋ ಇಲ್ಲೋ? ಹಸರ ಕೊಡು!" ಹಸಿರು ಒಯ್ದರು. ಪ್ರೆಸ್ಸಿನ ಗೋಡೆ ಗುಲಾಬಿ ಬಣ್ಣದ್ದು. ಗುಲಾಬಿ ಗೋಡೆಯ ಮೇಲೆ ಹಸಿರು ಬೆಳಕು ಬಿದ್ದು ಕೋಣೆಯೆಲ್ಲ ಹಳಸಿದ ಪಲ್ಯದ ಬಣ್ಣಕ್ಕೆ ತಿರುಗಿತು. ಪತ್ರಿಕೆ ಬರೆಸಲು ಬಂದವರು ಕಾಕುವಿನ ಮುಖ ನೋಡಿ, "ಅಕ್ಕಾರ, ಆರಾಮಿಲ್ಲಂದ್ರ ನಾಳೆ ಬರ್ತೇವ್ರಿ" ಎಂದು ತಿರುಗಿ ಹೋದರು.

ಮುಂದೆ ಕೆಂಪು. ಬಾಗಿಲು ತೆರೆದರೆ ಸಾಕ್ಷಾತ್ ಫೋಟೋ ಸ್ಟುಡಿಯೋದ ಡಾರ್ಕ್‌ರೂಮು! ಮಮದಾಪುರದ ಒಬ್ಬ ರೈತರು ಬಂದವರೇ ಸ್ಟೂಲಿನ ಮೇಲೆ ಕೂತು, ಕಿಸೆಯಿಂದ ಬಾಚಣಿಗೆ ತೆಗೆದು ತಲೆ ಬಾಚಿ, ಮೀಸೆ ತಿದ್ದಿಕೊಂಡರು. ಕಾಕು ಟೈಪು ಮಾಡುತ್ತಲೇ, "ಹೆಸರ ಹೇಳ್ರಿ" ಎಂದರು. ಹೇಳಿದರು. "ವಧೂನ ಹೆಸರ?" ಎಂದರು.

ರೈತರು ಗಾಬರಿಯಾದರು. "ಪಾಸ್‌ಪೋರ್ಟ್ ಫೋಟೋಕ್ಕ ವಧು ಯಾಕ್ರಿ?"

"ಮತ್ತ ತಲಿನೋವು?" ಎಂದು ನಾನು ಫೋನಿನಲ್ಲಿ ಕೇಳಿದರೆ ಕಾಕಾ ಅಂದರು: "ಸ್ವಲ್ಪ ಕಡಿಮಿ ಐತಂತ. ಹಾದಿಗಿ ಬಂದೇವಿ!"

ನೀಲಿಯ ಕತೆ ಬೇರೆ. ಬಲ್ಬು ಸಾಲದೆಂದು, ಹಳೆಯ ಟ್ಯೂಬ್‌ಲೈಟಿಗೆ ನೀಲಿ ಜಿಲಾಟಿನ್ ಕಾಗದ ಸುತ್ತಿ ಮಾನಿಟರಿನ ಹಿಂದೆ ಅಡ್ಡ ಮಲಗಿಸಿದರು. ಸ್ವಿಚ್ ಹಾಕಿದ ಕೂಡಲೇ ಪರದೆಯ ಮೇಲಿನ ಅಕ್ಷರಗಳೆಲ್ಲ ಗಡಗಡ ನಡುಗತೊಡಗಿದವು. ವಧು ನಡುಗಿದಳು, ವರ ನಡುಗಿದ, ಸುಖಾಗಮನ ಬಯಸುವವರೂ ನಡುಗಿದರು. ಕಾಕಾ ನನಗೆ ಫೋನು ಮಾಡಿ ಬಹಳ ಗಂಭೀರವಾಗಿ ಕೇಳಿದರು: "ತಮ್ಮಾ, ನೀಲಿ ತಂಪ ಜಾಸ್ತಿ ಆಗಿ ಥಂಡಿ ಹತ್ತಿರಬಹುದೇನ?"

ಥಂಡಿಯಲ್ಲ, ಟ್ಯೂಬಿನ ಚೋಕು! ಅದು ಮಾನಿಟರಿಗೆ ತಾಗಿಕೊಂಡು ಕೂತು, ತನ್ನ ಅಯಸ್ಕಾಂತದಿಂದ ಪರದೆಯನ್ನು ಅಲ್ಲಾಡಿಸುತ್ತಿತ್ತು. ಬಸ್ಸಿನಲ್ಲಿ ಹುಕ್ಕೇರಿಗೆ ಹೋಗಿ ಎತ್ತಿ ಆಚೆ ಇಟ್ಟೆ. ನಡುಕ ನಿಂತಿತು. "ನಿನ್ನ ಕೈಗುಣ ಛಲೋ ಐತಿ" ಎಂದರು. ಬಸ್ ಚಾರ್ಜಿನ ಮಾತು ಮಾತ್ರ ಎತ್ತಲಿಲ್ಲ.

ಎಲ್ಲಕ್ಕೂ ಕಳಸವಿಟ್ಟದ್ದು ಗಣಪತಿ ಹಬ್ಬ. ಮಂಟಪಕ್ಕೆ ಹಾಕುವ ಸೀರಿಯಲ್ ಸೆಟ್ಟು ತಂದು ಮಾನಿಟರಿನ ಸುತ್ತ ಪ್ರಭಾವಳಿಯಂತೆ ಬಿಟ್ಟರು. ಕೆಂಪು, ಹಸಿರು, ಹಳದಿ ಬೆಳಕು ಓಡಾಡುತ್ತಿದೆ. ಆ ಹೊತ್ತಿಗೆ ಮೂಡಲಗಿಯಿಂದ ಲಗ್ನದ ಮಂದಿ ಬಂದರು, ಜೊತೆಗೊಬ್ಬ ಅಜ್ಜಿ. ಬಾಗಿಲಲ್ಲಿ ಚಪ್ಪಲಿ ಬಿಡಿಸಿದ್ದಾರೆ. ಒಳಗೆ ಕತ್ತಲೆ. ಎದುರಿಗೆ ಬೆಳಕಿನ ಪ್ರಭಾವಳಿ. ಅಜ್ಜಿ ಬೇರೆ ಏನೆಂದು ತಿಳಿಯಬೇಕು? ಸೆರಗು ತಲೆಯ ಮೇಲೆ ಎಳೆದುಕೊಂಡು, ಎರಡೂ ಕೈ ಮುಗಿದು, ಕೀಬೋರ್ಡಿನ ಮೇಲೆ ಐದು ರೂಪಾಯಿಯ ನಾಣ್ಯ ಇಟ್ಟುಬಿಟ್ಟಳು. "ನನ್ನ ಮೊಮ್ಮಗಳಿಗೆ ಛಲೋ ಮಾಡಪಾ."

ಯಾರೂ ನಗಲಿಲ್ಲ. ನಗಲು ಕಾಕಾ ಬಿಡಬೇಕಲ್ಲ? ಒಳಗೆ ಹೋಗಿ ಒಂದು ಚಿಟಿಕೆ ಸಕ್ಕರೆ ತಂದು ಅಜ್ಜಿಯ ಅಂಗೈಗೆ ಹಾಕಿದರು. ನಾಣ್ಯ ಹಿಂದಿರುಗಿಸಿ, "ಇಲ್ಲಿ ರೊಕ್ಕ ಇಡೂದಿಲ್ಲರಿ ಅಜ್ಜಿ. ಪತ್ರಿಕಿಗೆ ಅಡ್ವಾನ್ಸ್ ಅಷ್ಟ ತಗೋತೇವಿ" ಎಂದರು.

ಕರೆಂಟು ಹೋದರೆ ಯುಪಿಎಸ್ಸಿನ ಮೇಲೆ ಕೊನೆಯವರೆಗೆ ಉಳಿಯುತ್ತಿದ್ದುದು ಈ ದೀಪಗಳೇ. ಕಂಪ್ಯೂಟರ್ ಸತ್ತು, ಅದರ ಹಿಂದಿನ ಬೆಳಕು ಬದುಕಿರುತ್ತಿತ್ತು!

ಒಂದು ಮಧ್ಯಾಹ್ನ ವಸೂಲಿಗೆಂದು ಹುಕ್ಕೇರಿಗೆ ಹೋದವನು ಪ್ರೆಸ್ಸಿಗೆ ಹಣಕಿದೆ. ಕಾಕಾ ಇನ್ಯಾವುದೋ ಬಲ್ಬು ಹುಡುಕಿಕೊಂಡು ಘಟಪ್ರಭೆಗೆ ಹೋಗಿದ್ದರು. ಸೀರಿಯಲ್ ಸೆಟ್ಟು ಆರಿತ್ತು. ಮೊದಲ ದಿನದ ಹಾಲಿನ ಬಲ್ಬು ಒಂದೇ ಉರಿಯುತ್ತಿತ್ತು. ಕಾಕು ಅದರ ಎದುರು ಸಣ್ಣಗೆ ಹಾಡು ಗುನುಗುತ್ತ ಪಟಪಟ ಟೈಪು ಮಾಡುತ್ತಿದ್ದರು.

"ಕಾಕು, ತಲಿನೋವು ಹೆಂಗೈತ್ರಿ?"

"ಯಾವ ತಲಿನೋವು?" ಎಂದವರು ನಾಲಿಗೆ ಕಚ್ಚಿಕೊಂಡರು. ಆಮೇಲೆ ನಕ್ಕರು. "ಅದು ನಿನ್ನ ಮೊದಲನೇ ಬಲ್ಬಿಗೇ ಹೋತು ತಮ್ಮಾ."

ನನಗೆ ಸಿಟ್ಟೇ ಬಂತು. "ಮತ್ತ ಹೇಳಬಾರದೇನ್ರಿ? ಆ ಮನುಷ್ಯಾ ಊರೂರು ಬಲ್ಬ್ ಹುಡುಕ್ಕೋತ ಅಡ್ಡಾಡಾಕತ್ತಾರ!"

ಕಾಕು ಕೀಬೋರ್ಡಿನ ಮೇಲೆ ಇಲ್ಲದ ಧೂಳನ್ನು ಸೆರಗಿನಿಂದ ಒರೆಸಿದರು. "ಲಗ್ನ ಆದಾಗಿಂದ ‘ಊಟ ಮಾಡಿದೇನ’ ಅಂತ ಒಂದಿನಾ ಕೇಳಿದವ್ರಲ್ಲ ನಿಮ್ಮ ಕಾಕಾ. ಈಗ ದಿನಾ ಮುಂಜಾನೆ ಎದ್ದ ಕೂಡ್ಲೆ ‘ತಲಿ ಹೆಂಗೈತಿ’ ಅಂತಾರ. ಸಂಜಿಮುಂದ ಬಾಜೂಕ ಕುಂತು ‘ಈ ಬಣ್ಣಾ ಹೆಂಗ ಅನಸ್ತೈತಿ’ ಅಂತಾರ. ಹೋತು ಅಂದ್ರ ಅದೂ ಹೋತಲ್ಲೋ."

"ಅವ್ರು ಕಂಪ್ಯೂಟರ ಮಾರಿದ್ರ?"

"ಅದಕ್ಕ ಹೆಚ್ಚಾಗೇತಿ ಅಂತೂ ಹೇಳೂದಿಲ್ಲ. ಸ್ವಲ್ಪ ಕಡಿಮಿ. ಅಷ್ಟ."

ಇಷ್ಟು ವರ್ಷ ವ್ಯಾಪಾರ ಮಾಡಿದ್ದೇನೆ. ವ್ಯವಹಾರವನ್ನು ಮುರಿಯಲೂ ಬಿಡದೆ ಮುಗಿಯಲೂ ಬಿಡದೆ ಹೀಗೆ ಹಿಡಿದವರನ್ನು ಯಾವ ಪೇಟೆಯಲ್ಲೂ ನೋಡಿಲ್ಲ.

ಅಷ್ಟರಲ್ಲಿ ಕಾಕಾ ಬೆವರುತ್ತ ಬಂದರು. ಚಪ್ಪಲಿ ಬಿಡುತ್ತಲೇ ಕೇಳಿದರು: "ತಲಿ ಹೆಂಗೈತಿ?"

"ಸ್ವಲ್ಪ ಕಡಿಮಿ ಆದಂಗ ಐತ್ರಿ" ಎಂದರು ಕಾಕು, ನನ್ನ ಕಡೆ ನೋಡದೆ.

"ನೋಡಿದೇನಲೇ ತಮ್ಮಾ? ಇನ್ನೊಂದು ಬಣ್ಣಾ ಸಿಕ್ರ ಪೂರಾ ಹೋಗ್ತೈತಿ. ಜಾಂಬಳಿ ಘಟಪ್ರಭಾದಾಗೂ ಇಲ್ಲ. ನಿನ್ನ ಅಂಗಡ್ಯಾಗ ಐತೇನ?"

ಇರಲಿಲ್ಲ. "ಐತ್ರಿ ಕಾಕಾ" ಎಂದೆ. ನೇರಳೆ ಬಣ್ಣದ್ದನ್ನು ಬೆಳಗಾವಿಯಿಂದ ತರಿಸಿ ಕೊಟ್ಟೆ, ಲಾಭ ಹಿಡಿಯಲಿಲ್ಲ.

ಅಂದು ಮನೆಗೆ ಹೋದವನೇ ನಾನೂ ನನ್ನ ಹೆಂಡತಿಯನ್ನು ಕೇಳಿದೆ: "ತಲಿ ಹೆಂಗೈತಿ?" ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕ್ರಿ? ಏನ್ ಬೇಕಾಗಿತ್ತು?" ಎಂದಳು.

ಆದ್ದರಿಂದ ನಿಮಗೆ ಹೇಳುವುದಿಷ್ಟು. ಕಂಪ್ಯೂಟರಿನ ಹಿಂದೆ ಒಂದು ಝೀರೋ ಬಲ್ಬು ಸಾಕು. ಬೆಳಕು ಗೋಡೆಗೆ ಬೀಳಬೇಕು, ಕಣ್ಣಿಗಲ್ಲ. ಬಣ್ಣ ಬೇಡ. ಚೋಕನ್ನು ಹತ್ತಿರ ಸೇರಿಸಬೇಡಿ. ಹತ್ತು ರೂಪಾಯಿಗಿಂತ ಹೆಚ್ಚು ಕೇಳಿದರೆ ಮುಂದಿನ ಅಂಗಡಿಗೆ ಹೋಗಿ. ಬಲ್ಬು ಹಚ್ಚಿದ ಮರುದಿನ ಮುಂಜಾನೆ, ತಲೆ ಹೇಗಿದೆ ಎಂದು ಕೇಳಿ. ನೋವು ಹೋಯಿತು ಎಂದರೆ ನಂಬಿ. ನಂಬಿ, ಅದರ ಮರುದಿನವೂ ಕೇಳಿ.