ಹುಳುಕು ಮೇಲಿಟ್ಟು ಮಾರಿದವರು

ಮೂಟೆ ಬಿಚ್ಚಿ ರೇಷ್ಮೆಗೂಡನ್ನು ತಟ್ಟೆಗೆ ಸುರಿದರೆ ಒಂದು ಸದ್ದು ಬರುತ್ತದೆ. ಚರ್ಚಿನಲ್ಲಿ ಹೆಂಗಸರೆಲ್ಲ ಒಟ್ಟಿಗೆ ಮಂಡಿಯೂರುವಾಗ ಸೀರೆಗಳು ಸರಬರ ಎನ್ನುತ್ತವಲ್ಲ, ಹಾಗೆ. ರಾಮನಗರದ ಗೂಡಿನ ಮಾರುಕಟ್ಟೆಯ ಆ ಸದ್ದು ನೆನಪಾದರೆ ಸಾಕು, ಅದರ ಬೆನ್ನಿಗೇ ನಮ್ಮ ಚಿಕ್ಕಪ್ಪನ ಗಂಟಲೂ ಕೇಳಿಸುತ್ತದೆ. "ಬನ್ರಪ್ಪಾ, ನೋಡ್ಕಳಿ. ಕೆಟ್ಟೋವೆಲ್ಲ ಮೇಲ್ಗಡೇನೇ ಮಡಗಿವ್ನಿ."

ಮನೆಯಲ್ಲೊಬ್ಬ ಕುಡುಕನಿದ್ದರೆ ಕಷ್ಟ ಎನ್ನುತ್ತಾರೆ. ಸತ್ಯವಂತನಿದ್ದರೆ? ಕುಡುಕನಿಗೆ ಇಳಿಯುವ ಹೊತ್ತು ಅಂತ ಒಂದಿರುತ್ತದೆ. ನಮ್ಮ ಚಿಕ್ಕಪ್ಪನಿಗೆ ಅದು ಎಂದೂ ಇಳಿಯಲಿಲ್ಲ.

ನಾವು ಕ್ಯಾಥೊಲಿಕರು. ಅಪ್ಪ ಸರ್ಕಾರಿ ನೌಕರಿ ಹಿಡಿದು ರಾಮನಗರದಲ್ಲಿ ಮನೆ ಮಾಡಿದ್ದರು. ಹಳಬರ ಬಾಯಲ್ಲಿ ಆಗಿನ್ನೂ ಅದು ಕ್ಲೋಸ್‌ಪೇಟೆಯೇ. ಅಪ್ಪನ ತಮ್ಮ ಮದುವೆಯಾಗದೆ ಅಕ್ಕೂರಿನಲ್ಲಿ ಹಿಪ್ಪುನೇರಳೆ ಬೆಳೆದು, ಹುಳು ಸಾಕಿಕೊಂಡಿದ್ದರು. ಭಾನುವಾರ ಪೂಜೆಯಲ್ಲಿ ಎಲ್ಲರೂ ಪ್ರಸಂಗ ಕೇಳಿ, "ಗುರುಗಳು ಇವತ್ತು ಚೆನ್ನಾಗಿ ಹೇಳಿದ್ರು" ಎಂದು ಮನೆಗೆ ಹೋಗಿ ಕೋಳಿಸಾರು ಉಣ್ಣುತ್ತಿದ್ದರು. ಇವರೊಬ್ಬರು ಮಾತ್ರ ಅದನ್ನು ಮಾಡಬೇಕು ಎಂದುಕೊಂಡಿದ್ದರು. ಹೀಗೂ ಒಬ್ಬರು ತಪ್ಪು ತಿಳಿಯಬಹುದೇ?

ಗೂಡು ಮಾರುವವರೆಲ್ಲ ಒಳ್ಳೆಯದನ್ನು ಮೇಲೆ ಹರಡಿ ಕಲೆಯಾದದ್ದು, ಮೆತ್ತಗಾದದ್ದನ್ನು ಅಡಿಗೆ ಸೇರಿಸುತ್ತಿದ್ದರು. ಅದು ಮೋಸವೆಂದು ಯಾರಿಗೂ ಅನಿಸುತ್ತಿರಲಿಲ್ಲ, ತಲೆ ಬಾಚಿಕೊಂಡು ಫೋಟೋಗೆ ನಿಂತ ಹಾಗೆ. ಚಿಕ್ಕಪ್ಪ ಮಾತ್ರ ಹುಳುಕನ್ನೆಲ್ಲ ಆರಿಸಿ ಮೇಲಕ್ಕೆ ಹಾಕುತ್ತಿದ್ದರು. ಒಂದು ದಿನ ನೂಲು ಬಿಚ್ಚುವ ಸಾಹೇಬರೊಬ್ಬರು ಬಂದು ಬಗ್ಗಿ ನೋಡಿದರು.

"ಏನಣ್ಣ, ಮೇಲೇ ಹಿಂಗಿದ್ರೆ ತಳ್ದಲ್ಲಿ ಏನೈತೆ? ಹಲ್ಲಿ ಮೊಟ್ಟೇನಾ?"

"ತಳ್ದಲ್ಲಿ ಎಲ್ಲಾ ಒಳ್ಳೇವೇ ಸಾಬ್ರೇ. ಕೈ ಹಾಕಿ ನೋಡಿ."

"ಹುಟ್ಟಿದಾಗಿಂದ ಗೂಡು ನೋಡ್ತಿವ್ನಿ. ಒಳ್ಳೇದ್ನ ಕೆಳಗೆ ಬಚ್ಚಿಡೋನ್ನ ಇವತ್ತೇ ಕಂಡಿದ್ದು. ಇದ್ರಲ್ಲೇನೋ ಮಸಲತ್ತೈತೆ, ನಂಗ್ ಬ್ಯಾಡಪ್ಪ."

ಹೀಗೆಂದವರು ಪಕ್ಕದ ತಟ್ಟೆಗೆ ಹೋದರು. ಅಲ್ಲಿ ಮೇಲೆ ಮಲ್ಲಿಗೆ ಮೊಗ್ಗು, ಅಡಿಯಲ್ಲಿ ಅಡುಗೆಮನೆ ಕಸ. ಸಂತೋಷವಾಗಿ ತೆಗೆದುಕೊಂಡರು. ಚಿಕ್ಕಪ್ಪನ ಗೂಡು ಮಧ್ಯಾಹ್ನ ಎಲ್ಲರದೂ ಆದ ಮೇಲೆ ಅನುಕಂಪದ ಮೇಲೆ ಹೋಯಿತು.

"ಅಲ್ಲ ಕಣ್ಲಾ," ಅಪ್ಪ ಬೈದರು, "ಮೇಲೆ ನಾಕು ಒಳ್ಳೇದ್ ಹಾಕಿದ್ರೆ ಯೇಸುಸ್ವಾಮಿ ಬಂದು ಕೇಳ್ತಾನಾ?"

"ಕೇಳಕಿಲ್ಲ ಕಣಣ್ಣ. ಸುಮ್ಕೆ ನೋಡ್ತಿರ್ತಾನೆ."

ಆ ದಿನ ನಾನೂ ಅಲ್ಲಿದ್ದೆ. ಬೆಂಗಳೂರಿನ ಕಾನ್ವೆಂಟಿನಿಂದ ರಜೆಗೆ ಬಂದಿದ್ದವಳು, ಕ್ಲಾಸ್‌ಮೇಟ್ ಒಬ್ಬಳನ್ನು ಗೂಡು ತೋರಿಸಲು ಕರೆತಂದಿದ್ದೆ. ಮಾರುಕಟ್ಟೆಗೆ ಮಾರುಕಟ್ಟೆಯೇ ನಗುತ್ತಿರುವಾಗ ಅವಳು ಕೇಳಿದಳು, "ಈಸ್ ಹಿ ಯುವರ್ ಅಂಕಲ್?" ನಾನು ನನ್ನ ಬೆಸ್ಟ್ ಉಚ್ಚಾರಣೆಯಲ್ಲಿ, "ಡಿಸ್ಟೆಂಟ್ ರಿಲೇಶನ್" ಎಂದೆ. ಡಿಸ್ಟೆನ್ಸು ಹತ್ತು ಅಡಿ ಇತ್ತು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅದೊಂದೇ ಸಮಾಧಾನ.

ಅಕ್ಕೂರಿನ ಪಕ್ಕದ ಹೊಲದವನ ಕಥೆಯನ್ನೂ ಹೇಳಿಬಿಡುತ್ತೇನೆ. ಅವನು ಉಳುವಾಗಲೆಲ್ಲ ಬದುವನ್ನು ಒಸಿ ಒಸಿಯೇ ನೂಕಿ ಒಂದು ಮೊಳ ನುಂಗಿದ. ಊರಿನವರು ಪಂಚಾಯ್ತಿ ಸೇರಿಸು ಎಂದರು. ಚಿಕ್ಕಪ್ಪ ಗುದ್ದಲಿ ತೆಗೆದುಕೊಂಡು ಹೋಗಿ, ಗಡಿಕಲ್ಲನ್ನು ಕಿತ್ತು, ತಮ್ಮ ಹೊಲದೊಳಕ್ಕೇ ಇನ್ನೊಂದು ಮೊಳ ಸರಿಸಿ ನೆಟ್ಟು ಬಂದರು. ಪ್ರಸಂಗದ ಪ್ರಕಾರ ಕೇಳಿದ್ದಕ್ಕಿಂತ ಹೆಚ್ಚು ಕೊಡಬೇಕಂತೆ. ಪಕ್ಕದವನಿಗೆ ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಬಾಗಿಲಿಗೆ ಬಂದ.

"ನಿಜ ಹೇಳ್ಬುಡಿ ಸ್ವಾಮಿ. ಆ ಜಾಗದಲ್ಲಿ ಏನ್ ಹೂತಿದೀರಿ?"

"ಏನೂ ಇಲ್ವಲ್ಲೋ."

"ಮಾಟ ಗೀಟ? ಇಲ್ದೆ ಇದ್ರೆ ಯಾರ್ ಬುಡ್ತಾರೆ ಭೂಮೀನ? ಮನೇಲಿ ಚಿಕ್ಕ್ ಮಕ್ಳವ್ರೆ ನಂಗೆ."

ಚಿಕ್ಕಪ್ಪ ಎಷ್ಟು ಸಮಾಧಾನ ಮಾಡಿದರೂ ಕೇಳಲಿಲ್ಲ. ಹೋಗಿ ಎರಡು ಮೊಳವನ್ನೂ ಬಿಟ್ಟು, ಭಯಕ್ಕೆ ಇನ್ನೊಂದು ಗೇಣು ತನ್ನದನ್ನೂ ಸೇರಿಸಿ ಕಲ್ಲು ನೆಟ್ಟ. ಆ ಗೇಣನ್ನು ವಾಪಸು ಕೊಡಲು ಚಿಕ್ಕಪ್ಪ ಪಟ್ಟ ಪಾಡು ಬೇರೆಯೇ ಪುರಾಣ.

ಇಲ್ಲಿಯವರೆಗೆ ನಗಬಹುದು. ಇನ್ನು ಮುಂದಿನದು ನನ್ನ ಕಥೆ.

ಬಿ.ಎ. ಮುಗಿಸಿ ಟೀಚರಾಗಿದ್ದ ನನಗೆ ಇಪ್ಪತ್ತೇಳು ತುಂಬಿತ್ತು. ಅರವತ್ತರ ದಶಕದಲ್ಲಿ ಇಪ್ಪತ್ತೇಳು ಎಂದರೆ ಬಸ್ಸು ಹೋದ ಮೇಲಿನ ಬಸ್‌ಸ್ಟ್ಯಾಂಡು. ಎರಡು ಸಂಬಂಧ ವಯಸ್ಸಿನ ಮೇಲೇ ಹಿಂದಕ್ಕೆ ಹೋಗಿದ್ದವು. ಎರಡು ಸಲವೂ ಗಂಡಿನ ಕಡೆಯವರು ಕೇಳಿದ್ದು ಅಪ್ಪನನ್ನು. ಉತ್ತರ ಕೊಟ್ಟದ್ದು ಚಿಕ್ಕಪ್ಪ. ಕೂಸಾಗಿದ್ದಾಗ ನನ್ನ ಜ್ಞಾನಸ್ನಾನದಲ್ಲಿ ನನ್ನನ್ನು ಎತ್ತಿಕೊಂಡು ನಿಂತ ಜ್ಞಾನತಂದೆ ಅವರೇ, ಹಾಗಾಗಿ ವರ್ಷ, ತಿಂಗಳು, ವಾರ, ಆವತ್ತು ನಾನು ಗುರುಗಳ ಮೇಲೆ ಮಾಡಿದ ಅವಾಂತರ, ಎಲ್ಲವನ್ನೂ ಹೇಳಿದ್ದರು.

ಮೂರನೆಯದು ಬೆಂಗಳೂರಿನ ಸಂಬಂಧ. ಹುಡುಗನಿಗೆ ಇಪ್ಪತ್ತೆಂಟು, ಹುಡುಗಿ ಇಪ್ಪತ್ತೈದರೊಳಗಿರಬೇಕು ಎಂದಿದ್ದರು. ಇದೂ ತಪ್ಪಿದರೆ ನಾನು ಮದುವೆ ಎಂಬ ಮಾತನ್ನೇ ಬಿಡಬೇಕಿತ್ತು. ಅಮ್ಮ ನನಗೆ ಇಪ್ಪತ್ತನಾಲ್ಕು ಎಂದು ತೀರ್ಮಾನಿಸಿದಳು. ಚಿಕ್ಕಪ್ಪನನ್ನು ಏನು ಮಾಡುವುದು ಎಂದು ಮನೆಯವರೆಲ್ಲ ತಲೆ ಕೆಡಿಸಿಕೊಂಡರೆ, ಉಪಾಯ ಹೊಳೆದದ್ದು ಕಾನ್ವೆಂಟಿನಲ್ಲಿ ಮಾರಲ್ ಸೈನ್ಸ್ ಪ್ರೈಜ್ ತಗೊಂಡ ನನಗೆ.

ಮಾಗಡಿ ಕಡೆಯ ಗುಡೇಮಾರನಹಳ್ಳಿಯಲ್ಲಿ ಅವರ ಬಾಲ್ಯದ ಗೆಳೆಯರೊಬ್ಬರಿದ್ದರು. ನಾವು ಉಪದೇಶಿ ಎನ್ನುತ್ತೇವಲ್ಲ, ಮಕ್ಕಳಿಗೆ ಜಪ ಕಲಿಸುವವರು, ಅವರು. ಗಂಡಿನವರು ನೋಡಲು ಬರುವ ದಿನ ಬೆಳಿಗ್ಗೆ, ಇಸ್ತ್ರಿ ಮಾಡಿಸಿದ ಕೋಟು ಹಾಕಿಕೊಂಡು ಚಿಕ್ಕಪ್ಪ ಬಂದಿಳಿದರು. ನಾನು ಬಾಗಿಲಲ್ಲೇ, "ಉಪದೇಶಿಗಳಿಗೆ ತುಂಬಾ ಸೀರಿಯಸ್ಸಂತೆ ಚಿಕ್ಕಪ್ಪ, ನಿಮ್ಮನ್ನೇ ಕೇಳ್ತಿದಾರಂತೆ" ಎಂದೆ. ಧ್ವನಿ ಸ್ವಲ್ಪವೂ ನಡುಗಲಿಲ್ಲ. ಎಲೊಕ್ಯೂಷನ್ ಕ್ಲಾಸು ವ್ಯರ್ಥವಾಗುತ್ತದೆಯೇ?

"ನಿನ್ನ ನೋಡಕ್ ಬರೋ ದಿವ್ಸಾನೇ?" ಅವರು ಕೋಟಿನ ಗುಂಡಿ ಹಿಡಿದುಕೊಂಡು ನಿಂತರು. ಆಮೇಲೆ, "ಅವ್ನು ಹೋಗ್ಬುಟ್ರೆ ಮುಖ ಸಿಕ್ಕಕಿಲ್ಲ. ನಿನ್ ಗಂಡನ್ನ ಮದ್ವೇಲೇ ನೋಡ್ತೀನಿ ಬುಡವ್ವ" ಎಂದು, ನೀರೂ ಕುಡಿಯದೆ ಮಾಗಡಿ ಬಸ್ಸಿಗೆ ಓಡಿದರು.

ಎಲ್ಲ ಸಲೀಸಾಗಿ ನಡೆಯಿತು. ಅಪ್ಪ ಇಪ್ಪತ್ತನಾಲ್ಕು ಎಂದರು, ಹುಡುಗನ ತಾಯಿ ಕೇಸರಿಬಾತು ಎರಡನೆಯ ಸಲ ಹಾಕಿಸಿಕೊಂಡರು. ಸಂಜೆ ಚಿಕ್ಕಪ್ಪ ವಾಪಸು ಬಂದರು. ನಾನು ಒಳಗೆ ಅವಿತುಕೊಂಡೆ. ಈಗ ಸಿಕ್ಕಿಬಿದ್ದೆ ಎಂದುಕೊಂಡರೆ ಅವರ ಮುಖ ಹೊಳೆಯುತ್ತಿತ್ತು.

"ಬಸ್ಸಲ್ಲಿ ಉದ್ದಕ್ಕೂ ಜಪಸರ ಹೇಳ್ಕೊಂಡೇ ಹೋದೆ ಕಣತ್ಗೆ," ಅಮ್ಮನಿಗೆ ಹೇಳಿದರು. "ಹೋಗಿ ನೋಡಿದ್ರೆ ಕಣದಲ್ಲಿ ರಾಗಿ ತೂರ್ತಾವ್ನೆ. ನಂಗೇನಾಗಿತ್ತಲಾ ಅಂತ ನನ್ನೇ ಕೇಳ್ತಾನೆ. ಸಾಯಂಗಿದ್ದೋನ್ನ, ಅವನ್ಗೇ ಗೊತ್ತಾಗ್ದಂಗೆ ವಾಸಿ ಮಾಡ್ಬುಟ್ಟವ್ನೆ ದೇವ್ರು."

ನಾನು ಸುಳ್ಳು ಹೇಳಿರಬಹುದು ಎಂಬುದಕ್ಕಿಂತ ಪವಾಡವೇ ಅವರಿಗೆ ಸುಲಭವಾಗಿ ನಂಬುವಂತಿತ್ತು.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಅದನ್ನು ಎಲ್ಲರಿಗೂ ಸಾರಿದರು. ಚನ್ನಪಟ್ಟಣ, ಕನಕಪುರದ ನೆಂಟರಿಗೆಲ್ಲ ಹೇಳಿದರು. ಮಾರುಕಟ್ಟೆಯ ಸಾಹೇಬರು ಅಷ್ಟು ಹೊತ್ತಿಗೆ ಇವರ ಗೂಡನ್ನು ಕಣ್ಣುಮುಚ್ಚಿ ಕೊಳ್ಳುವಂತಾಗಿದ್ದರು. ಅವರೂ, "ಈ ಮನುಸ್ಯ ಸುಳ್ ಹೇಳಕಿಲ್ಲ, ಆಗೇ ಇರ್ತದೆ" ಎಂದರಂತೆ. ಹುಳುಕು ತೋರಿಸಿ ತೋರಿಸಿ ಜೀವಮಾನವೆಲ್ಲ ಗಳಿಸಿದ ನಂಬಿಕೆಯ ಮೇಲೆ ನನ್ನ ಸುಳ್ಳು ಕೂತು ಸವಾರಿ ಮಾಡುತ್ತಿತ್ತು.

ಇನ್ನೂ ನಾಚಿಕೆಗೇಡಿನ ಮಾತೊಂದಿದೆ. ನಮ್ಮಲ್ಲಿ ಮದುವೆಗೆ ಮುಂಚೆ ಎರಡು ಕಡೆಯವರೂ ಹುಟ್ಟಿದ ತಾರೀಖು ಬರೆದಿರುವ ಜ್ಞಾನಸ್ನಾನದ ಸರ್ಟಿಫಿಕೇಟು ತಂದುಕೊಡಲೇಬೇಕು. ಇದು ಹುಟ್ಟಾ ಕ್ಯಾಥೊಲಿಕರಾದ ನಮ್ಮ ಮನೆಯಲ್ಲಿ ಒಬ್ಬರಿಗಾದರೂ ನೆನಪಾಗಬೇಡವೇ? ಗುರುಗಳು ಎರಡೂ ಕಾಗದ ಬಿಡಿಸಿ, ಕನ್ನಡಕ ಏರಿಸಿ ಓದಿದರು. ನನಗೆ ಇಪ್ಪತ್ತೇಳು. ಅಮ್ಮ ಸೀಲಿಂಗ್ ನೋಡಿದಳು. ಹುಡುಗನಿಗೆ ಮೂವತ್ತೆರಡು. ಅವರಮ್ಮ ನೆಲ ನೋಡಿದರು. ಗುರುಗಳೇ ಕಾಗದ ಮಡಿಸಿಟ್ಟು, "ಕಾಫಿ ತರಿಸ್ಲಾ?" ಎಂದರು. ಮದುವೆಯಾಯಿತು. ಗುಡೇಮಾರನಹಳ್ಳಿಯ ಪ್ರಯಾಣ ಯಾರಿಗೂ, ಯಾವುದಕ್ಕೂ ಬೇಕಿರಲಿಲ್ಲ.

ಪಾಪನಿವೇದನೆಯಲ್ಲಿ ಇದನ್ನು ಎಷ್ಟು ಜನ ಗುರುಗಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಎಲ್ಲರೂ ಕ್ಷಮಿಸಿ ನಾಲ್ಕು ಜಪ ಹೇಳಲು ಹೇಳಿದರು. ಒಬ್ಬರು ಮಾತ್ರ, "ಅವರಿಗೆ ಹೇಳಿದ್ಯಾ ಮಗಳೇ?" ಎಂದು ಕೇಳಿದರು. ಅವರ ಹತ್ತಿರ ನಾನು ಮತ್ತೆ ಹೋಗಲಿಲ್ಲ.

ಹೀಗೇ ಇಪ್ಪತ್ತು ವರ್ಷ ಕಳೆಯಿತು. ಒಂದು ಸಲ ನಾನು, ನನ್ನ ಯಜಮಾನರು ಕಾರಿನಲ್ಲಿ ರಾಮನಗರಕ್ಕೆ ಹೋಗಿದ್ದಾಗ ಚಿಕ್ಕಪ್ಪ ಅಪ್ಪನ ಮನೆಯಲ್ಲೇ ಇದ್ದರು. ಎಪ್ಪತ್ತು ದಾಟಿತ್ತು, ಸೊಂಟ ಬಾಗಿತ್ತು. ನನ್ನನ್ನು ನೋಡಿದವರೇ ಬಿಳಿ ಹಾಳೆ, ಪೆನ್ನು ತಂದು ಮುಂದಿಟ್ಟರು.

"ಚರ್ಚಿನೋರು ಪುಸ್ತಕ ಮಾಡ್ತಾವ್ರಂತೆ. ಉಪದೇಶಿ ವಾಸಿಯಾಗಿದ್ದು ಬರ್ಕೊಡವ್ವ. ನಿನ್ ಅಕ್ಷರ ಮುದ್ದಾಗೈತೆ. ಸುದ್ದಿ ತಂದೋಳೂ ನೀನೇಯ."

ನಾನು ಪೆನ್ನಿನ ಕ್ಯಾಪ್ ತೆಗೆದೆ. ಮತ್ತೆ ಹಾಕಿದೆ.

"ಚಿಕ್ಕಪ್ಪ, ಅವರಿಗೆ ಕಾಯಿಲೆ ಇರಲಿಲ್ಲ. ಸುದ್ದಿಯೂ ಬಂದಿರಲಿಲ್ಲ. ನೀವು ಮನೇಲಿದ್ರೆ ನನ್ನ ವಯಸ್ಸು ಹೇಳ್ಬಿಡ್ತೀರಿ ಅಂತ ನಾನೇ..."

ಅವರು ಬಿಳಿ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡು ಎರಡು ಮಡಿಕೆ ಮಾಡಿದರು.

"ಪಾಪ," ಎಂದರು, "ನಂಗೇನೂ ಆಗಿಲ್ಲ ಕಣ್ಲಾ ಅಂತ ಎಷ್ಟ್ ಬಡ್ಕೊಂಡ ಅವ್ನು. ನಾನ್ ನಂಬ್ಲೇ ಇಲ್ಲ."

"ನನ್ನ ಬೈದುಬಿಡಿ ಚಿಕ್ಕಪ್ಪ."

"ಯಾಕವ್ವ ಬೈಲಿ? ನಾನಿದ್ದಿದ್ರೆ ನಿಜವಾಗ್ಲೂ ಹೇಳ್ಬುಡ್ತಿದ್ದೆ." ಎದ್ದು ಗೋಡೆಯ ಮೊಳೆಯಿಂದ ಕೋಟು ತೆಗೆದುಕೊಂಡರು.

"ಎಲ್ಲಿಗೆ?"

"ಎಷ್ಟು ಜನಕ್ಕೆ ಸುಳ್ಳು ಹೇಳ್ಬುಟ್ಟಿವ್ನಿ. ತಿದ್ದಿ ಬರಬ್ಯಾಡ್ವಾ? ಮೊದ್ಲು ಗುಡೇಮಾರನಹಳ್ಳಿಗೆ. ಅವ್ನ್ ಮಕ್ಳಿಗೂ ಹೇಳಿದ್ದೆ."

ಬಸ್‌ಸ್ಟ್ಯಾಂಡಿನವರೆಗೆ ಜೊತೆಯಲ್ಲಿ ಹೋದೆ. ನನ್ನ ನಾಲಿಗೆಯ ತುದಿಯಲ್ಲಿದ್ದದ್ದು ಒಂದೇ ಪ್ರಶ್ನೆ, ಆ ಹೊತ್ತಿನಲ್ಲೂ ನನ್ನ ಬಗ್ಗೆಯೇ.

"ಯಾರು ಸುಳ್ಳು ಹೇಳಿದ್ದು ಅಂತ ಅವರು ಕೇಳಿದ್ರೆ?"

ಚಿಕ್ಕಪ್ಪ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಯೋಚಿಸಿದರು. "ಕೇಳಿದ್ರೆ ಹೇಳ್ಬೇಕಾಯ್ತದೆ ಮಗ. ಕೇಳ್ದೆ ಇರ್ಲಿ ಅಂತ ದಾರಿ ಉದ್ದಕ್ಕೂ ಜಪ ಹೇಳ್ಕೊಂಡು ಹೋಗ್ತೀನಿ."

ನಾನೂ ಬರುತ್ತೇನೆ, ನಾನೇ ಹೇಳುತ್ತೇನೆ ಎನ್ನಬೇಕಿತ್ತು. ಬಸ್ಸಿನಲ್ಲಿ ಜಾಗವಿತ್ತು. ನನ್ನನ್ನು ಕರೆದೊಯ್ಯಲು ಬಂದ ಯಜಮಾನರು ರಸ್ತೆಯಾಚೆಯಿಂದ ಕಾರಿನ ಹಾರ್ನ್ ಒತ್ತುತ್ತಿದ್ದರು, ನಾನು ಆ ಕಡೆ ತಿರುಗಿದೆ. ಮತ್ತೆ ನೋಡುವ ಹೊತ್ತಿಗೆ ಬಸ್ಸು ಹೊರಟಿತ್ತು. ಚಿಕ್ಕಪ್ಪ ಕಿಟಕಿಯ ಪಕ್ಕ ಕೂತು, ಕಣ್ಣು ಮುಚ್ಚಿ, ಆಗಲೇ ತುಟಿ ಅಲ್ಲಾಡಿಸಲು ಶುರುಮಾಡಿದ್ದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.