ಒಂದು ಹಿಡಿ ಭಂಡಾರ

ಅಮಾವಾಸ್ಯೆಯ ದಿನ ಭಂಡಾರ ಕೇಳಿದವರಿಗೆ ಇಲ್ಲ ಅನ್ನಬಾರದು. ಕೊಡುವಾಗ ಹಿಡಿ ತುಂಬ ಕೊಡಬೇಕು. ಹಿಡಿಯೊಳಗೆ ಎಷ್ಟು ಬಂತು, ಏನು ಬಂತು ಎಂದು ಬಿಚ್ಚಿ ನೋಡಬಾರದು. ಬೀರಣ್ಣನ ಮನೆತನದಲ್ಲಿ ಅಜ್ಜನ ಕಾಲದಿಂದ ನಡೆದುಬಂದ ಪದ್ಧತಿ ಇದು. ಅಜ್ಜನ ಕಾಲದಲ್ಲಿ ಮನೆದೇವರು ಬೀರೋಬಾನ ಭಂಡಾರದ ಚೀಲದೊಳಗೆ ಬರೀ ಅರಿಶಿನದ ಪುಡಿ ಇರುತ್ತಿತ್ತು, ಹಾಗಾಗಿ ಯಾರಿಗೂ ತೊಂದರೆ ಆಗಿರಲಿಲ್ಲ.

ಅಜ್ಜ ಕುರಿ ಕಾದವನು. ಬೀರಣ್ಣ ಕಾಯುವುದು ಮಶೀನು. ಸೊಲ್ಲಾಪುರದ ಅಕ್ಕಲಕೋಟೆ ರಸ್ತೆಯ ಮೇಲಿನ ಟವೆಲ್ ಕಾರ್ಖಾನೆಯಲ್ಲಿ ಅವನು ಫಿಟ್ಟರ್. ಸೇರಿದಾಗ ತಲೆ ತುಂಬ ಕೂದಲಿತ್ತು, ಈಗ ಮುಂದಿನದೆಲ್ಲ ಉದುರಿತ್ತು, ಆದರೂ ನೌಕರಿ ಮಾತ್ರ ಟೆಂಪರ್ವರಿಯಾಗಿಯೇ ಉಳಿದಿತ್ತು. ಅವತ್ತು ಸಂಜೆ ಅವನನ್ನು ಕಾಯಂ ಮಾಡುವುದಾಗಿ ಸಾವ್ಕಾರರ ಮಗ ನಿತಿನ ಮಾತು ಕೊಟ್ಟಿದ್ದ. ಷರತ್ತು ಒಂದೇ. ಪುಣೆಯಿಂದ ಸುರಕ್ಷತೆಯ ತಪಾಸಣೆಗೆ ಬರುವ ಮೇಡಂ ಮುಂದೆ ಬೀರಣ್ಣನ ಕೈಕೆಳಗಿನ ಒಂದು ಮಶೀನೂ ಮಾನ ಕಳೆಯಬಾರದು.

ಈ ಸುರಕ್ಷತೆಯ ಹುಚ್ಚು ನಿತಿನನಿಗೆ ಹಿಡಿದದ್ದಕ್ಕೆ ಕಾರಣವಿತ್ತು. ಹೋದ ವರ್ಷ ಒಬ್ಬ ರೋಲರಿನೊಳಗೆ ಕೈ ಹಾಕಿದ್ದಾಗ ಇನ್ನೊಬ್ಬ ಬಂದು ಬಟನ್ ಒತ್ತಿದ್ದ. ಬೆರಳು ಉಳಿದದ್ದೇ ಪುಣ್ಯ. ಅಂದಿನಿಂದ ಹೊಸ ಕಾನೂನು ಬಂತು. ಮಶೀನಿಗೆ ಕೈ ಹಚ್ಚುವವನು ಮೊದಲು ಅದರ ಮೇನ್ ಸ್ವಿಚ್ಚಿಗೆ ತನ್ನ ಹೆಸರಿನ ಕೆಂಪು ಬೀಗ ಜಡಿಯಬೇಕು. ಚಾವಿ ಅವನ ಮೈಮೇಲೆಯೇ ಇರಬೇಕು. ಹಾಕಿದವನೇ ತೆಗೆಯಬೇಕು. ಯಾರೂ ಕಳ್ಳದಾರಿ ಹಿಡಿಯಬಾರದೆಂದು ನಿತಿನ ಎಲ್ಲರ ಕಣ್ಣೆದುರಿಗೇ ಡುಪ್ಲಿಕೇಟ್ ಚಾವಿಗಳನ್ನು ಗುಜರಿಗೆ ಎಸೆದಿದ್ದ. ಎಲ್ಲರೂ ಚಪ್ಪಾಳೆ ಹೊಡೆದಿದ್ದರು, ಬೀರಣ್ಣನದು ಎಲ್ಲರಿಗಿಂತ ಜೋರಾಗಿತ್ತು.

ಚಾವಿಯನ್ನು ಕೊರಳಿಗೆ ಕಟ್ಟಿಕೊಳ್ಳುವ ಹಾಗಿರಲಿಲ್ಲ, ನೇತಾಡುವ ದಾರವನ್ನು ಮಶೀನು ಎಳೆದುಕೊಂಡೀತು ಎಂದು ಅದಕ್ಕೂ ಬಂದಿ, ಅಂದರೆ ನಿಷೇಧ. ಕಿಸೆಯಲ್ಲಿ ಇಡೋಣವೆಂದರೆ ನಟ್ಟು ತಿರುಗಿಸುವ ಪಾನಾ ಇಟ್ಟು ಇಟ್ಟು ತೂತು ಬಿದ್ದಿತ್ತು. ಬೀರಣ್ಣ ಯೋಚಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಭಂಡಾರದ ಚೀಲದೊಳಗೆ ಚಾವಿ ಹಾಕಿದ. ದೇವರ ಚೀಲಕ್ಕೆ ಯಾರು ಕೈ ಹಾಕುತ್ತಾರೆ?

ಅವತ್ತು ಬೆಳಿಗ್ಗೆ ಟವೆಲ್ ಒಣಗಿಸುವ ದೊಡ್ಡ ಡ್ರಾಯರ್ ಬೆಲ್ಟ್ ಹರಿದುಕೊಂಡು ನಿಂತಿತು. ಬೀರಣ್ಣ ಬೀಗ ಜಡಿದ, ಚಾವಿ ಚೀಲಕ್ಕೆ ಹಾಕಿದ, ಕೆಲಸಕ್ಕೆ ಕೂತ. ಅಷ್ಟರಲ್ಲಿ ಟವೆಲ್ ಮಡಚುವ ವಿಭಾಗದ ರೇವಮ್ಮ ಜರಿ ಸೀರೆ ಉಟ್ಟುಕೊಂಡು ಬಂದಳು. ಅರ್ಧ ದಿನ ರಜೆ ಹಾಕಿ ಅಕ್ಕಲಕೋಟೆಗೆ ಹೊರಟಿದ್ದಳು, ಅವಳ ತಂಗಿಯ ಮಗಳು ಸಪ್ನಾಳನ್ನು ನೋಡಲು ಬೀಗರು ಬರುವವರಿದ್ದರು.

"ಬೀರಣ್ಣ, ಇವತ್ತ ಅಮಾಸಿ. ಒಂದು ಹಿಡಿ ಭಂಡಾರ ಕೊಡೋ ತಮ್ಮಾ, ಹುಡುಗಿ ಹಣಿಗೆ ಹಚ್ತೀನಿ. ಈ ಸಲಾನರ ಕೂಡಿ ಬರ್ಲಿ."

"ತಗೋ ರೇವಕ್ಕ, ಬೀರೋಬಾ ಕಾಯ್ತಾನ" ಎಂದು ಬೀರಣ್ಣ ಪಾನಾ ಕೆಳಗಿಟ್ಟು, ಚೀಲಕ್ಕೆ ಕೈ ಹಾಕಿ, ಹಿಡಿ ತುಂಬ ತೆಗೆದು ಅವಳ ಸೆರಗಿಗೆ ಸುರಿದ. ಪದ್ಧತಿಯಂತೆ ನೋಡಲಿಲ್ಲ. ರೇವಮ್ಮ ಗಂಟು ಹಾಕಿಕೊಂಡು ಬಸ್ಸು ಹತ್ತಿದಳು.

ಬೆಲ್ಟ್ ಕೂತಿತು. ಬೀರಣ್ಣ ಠೀವಿಯಿಂದ ಚೀಲಕ್ಕೆ ಕೈ ಹಾಕಿದ. ಭಂಡಾರ ಇತ್ತು. ಚಾವಿ ಇರಲಿಲ್ಲ.

ಕ್ಷಣಮಾತ್ರದಲ್ಲಿ ಅವನ ಸುತ್ತ ಜಾತ್ರೆ ನೆರೆಯಿತು. ಒಬ್ಬ ಅಂಗಿ ಬಿಚ್ಚಿಸಿದ. ಇನ್ನೊಬ್ಬ ಎಗರಲು ಹೇಳಿದ. ಎಲೆಕ್ಟ್ರಿಶಿಯನ್ ಯೋಗಿರಾಜ ದಾರಕ್ಕೆ ಅಯಸ್ಕಾಂತ ಕಟ್ಟಿ ಬೀರಣ್ಣನ ತಲೆಯಿಂದ ಕಾಲಿನವರೆಗೆ ಇಳಿಸಿದ, ಹಳೆಯ ಮೊಳೆಯೊಂದು ಸಿಕ್ಕಿತು. ಡ್ರಾಯರಿನ ಹೆಲ್ಪರ್ ಕಾಮಣ್ಣನಂತೂ, "ರಿಪೇರಿ ಮಾಡೋವಾಗ ಒಳಗ ಬಿದ್ದಿರಬೇಕ. ತಡೀರಿ, ನಾ ನೋಡ್ತೀನಿ" ಎಂದು ಡ್ರಾಯರಿನ ಬಾಗಿಲು ತೆರೆದು ಒಳಗೇ ತೂರಿಕೊಂಡ. ಹೊರಗೆ ಮೈ ಕೊರೆಯುವ ಚಳಿ. ಒಳಗೆ ಮುಂಜಾನೆಯ ಬಿಸಿ ಇನ್ನೂ ಹಿತವಾಗಿ ಉಳಿದಿತ್ತು.

ಅಷ್ಟರಲ್ಲಿ ಬೀರಣ್ಣ ತನ್ನ ಹಳದಿ ಅಂಗೈಯನ್ನು ನೋಡಿಕೊಂಡು, "ಅಯ್ಯೋ, ರೇವಕ್ಕ!" ಎಂದು ಕಿರುಚಿದ. ಎಲ್ಲರೂ ಅವನ ಕಡೆ ತಿರುಗಿದರು, ಗಾಳಿಗೆ ಡ್ರಾಯರಿನ ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಂಡಿತು.

ಸುದ್ದಿ ಕೇಳಿ ನಿತಿನ ಓಡಿಬಂದ. "ಏನಂದಿ? ಚಾವಿ ಅಕ್ಕಲಕೋಟಿಗೆ ಹೋಗ್ಯದ?"

"ಸೆರಗಿನ್ಯಾಗ ಹೋಗ್ಯದ ರೀ ಸಾವ್ಕಾರ್ರ."

"ಫೋನ್ ಹಚ್ಚು!"

"ಹಚ್ಚಾಕತ್ತೀನ್ರಿ. ಎತ್ತವಲ್ಲಳು."

"ನಾಕಕ್ಕ ಮೇಡಂ ಬರ್ತಾರ. ಅಷ್ಟ್ರಾಗ ಚಾವಿ ತಂದಿ ಅಂದ್ರ ಕಾಯಂ. ತರಲಿಲ್ಲಾ, ಕುಲುಪಾನೂ ಕತ್ತರಸ್ತೀನಿ, ನಿನ್ನ ಹೆಸರೂ ಕತ್ತರಸ್ತೀನಿ."

ಸೊಲ್ಲಾಪುರದವರು ಬೀಗಕ್ಕೆ ಕುಲುಪ ಅನ್ನುತ್ತಾರೆ. ಆ ಮಾತು ಅವತ್ತು ಬೀರಣ್ಣನ ಕಿವಿಗೆ ಹಿಂದೆಂದೂ ಇಲ್ಲದಷ್ಟು ಕರ್ಕಶವಾಗಿ ಕೇಳಿಸಿತು. ಅವನು ಎಣ್ಣೆ ಮೆತ್ತಿದ ಅಂಗಿಯಲ್ಲೇ ಗೇಟಿನ ಮುಂದೆ ನಿಂತು ಸಿಕ್ಕ ಎಸ್ಟಿ ಬಸ್ಸು ಹತ್ತಿದ.

ಅಕ್ಕಲಕೋಟೆಯಲ್ಲಿ ರೇವಮ್ಮನ ತಂಗಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಓಣಿಗೆಲ್ಲ ತುಪ್ಪದ ವಾಸನೆ ಬರುತ್ತಿತ್ತು. ಒಳಗೆ ಕಾಲಿಟ್ಟವನು ಹೊಸ್ತಿಲಲ್ಲೇ ನಿಂತುಬಿಟ್ಟ. ದೇವರ ಜಗಲಿಯ ಮುಂದೆ ಹಿತ್ತಾಳೆ ತಾಟು, ತಾಟಿನಲ್ಲಿ ಭಂಡಾರದ ಗುಡ್ಡೆ, ಗುಡ್ಡೆಯ ನೆತ್ತಿಯ ಮೇಲೆ ಅವನ ಚಾವಿ. ಅದಕ್ಕೊಂದು ದಾಸವಾಳ ಬೇರೆ ಏರಿಸಿದ್ದರು.

ತಾಟಿನ ಪಕ್ಕದಲ್ಲಿ ಹುಡುಗನ ತಾಯಿ, ಮಂಗಳವೇಢೆಯ ಮುಕ್ತಾಬಾಯಿ ಕೂತಿದ್ದಳು. ನೆಂಟಸ್ತನದ ಮಾತಿನಲ್ಲಿ ಅವಳದು ಕಲ್ಲಿನಂಥ ಮನಸ್ಸು ಎಂದು ಹೆಸರಾಗಿತ್ತು. ಈಗ ಆ ಕಲ್ಲು ಕಣ್ಣೀರು ಸುರಿಸುತ್ತಿತ್ತು.

"ಬರ್ರಿ ಪಾವ್ಣ್ಯಾರ, ನೀವೂ ಕಣ್ಣಿಗೆ ಒತ್ಕೋರಿ" ಎಂದು ಅವಳು ಗುರುತಿಲ್ಲದ ಬೀರಣ್ಣನನ್ನೂ ಕರೆದಳು. "ನಮ್ಮ ಅಮೋಲ್ ಗಿಡ್ಡ, ಹುಡುಗಿ ಉದ್ದ, ಈ ಸಂಬಂಧ ನಮಗ ಬ್ಯಾಡ ಅಂತ ಹೇಳಾಕೇ ಬಂದಿದ್ದೆ. ಭಂಡಾರ ಹಚ್ಚಾಕ ಗಂಟ ಬಿಚ್ಚಿದ್ರು ನೋಡ್ರಿ, ಚಾವಿ ಸೀದಾ ಹುಡುಗಿ ಉಡಿಯಾಗ ಬಿತ್ತು! ಮನಿ ಚಾವಿ ಇಕಿ ಕೈಯಾಗ ಕೊಡು ಅಂತ ಖುದ್ದ ಬೀರೋಬಾ ಹೇಳ್ಯಾನ. ಬರೀ ಹೇಳಿಲ್ಲ, ಚಾವಿಗಿ ಕುಂಕುಮ ಹಚ್ಚಿ ಕಳಿಸ್ಯಾನ!"

ಕುಂಕುಮ ಅಲ್ಲ. ಕಾರ್ಖಾನೆಯ ಸುರಕ್ಷತಾ ಚಾವಿಗಳಿಗೆ ನಿತಿನ ಬಳಿಸಿದ್ದ ಕೆಂಪು ಬಣ್ಣ ಅದು. ಅದನ್ನು ಬಳಿದವನು ಬೀರಣ್ಣನೇ.

"ಅವ್ವಾರ, ಆ ಚಾವಿ..." ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ರೇವಮ್ಮ ಅವನ ರಟ್ಟೆ ಹಿಡಿದು ಅಡಿಗೆಮನೆಗೆ ಎಳೆದೊಯ್ದಳು.

"ನಿನಗ ಕೈ ಮುಗೀತೀನಿ ಬೀರಣ್ಣ. ಎಷ್ಟ ಸಲ ಬಂದು ನೋಡಿ ಹೋದ್ರೂ ಹೂಂ ಅಂದಾಕಿ ಅಲ್ಲ ಈ ಮುಕ್ತಾಬಾಯಿ. ಇವತ್ತ ಅಂದಾಳ."

"ರೇವಕ್ಕ, ನನ್ನ ನೌಕರಿ ಹೋಗ್ತದ."

"ಕುಲುಪ ಮುರದ್ರ ಪ್ಯಾಟಿಯಾಗ ಇನ್ನೊಂದು ಸಿಗ್ತದ. ಇದು ಮುರದ್ರ ಎಲ್ಲಿಂದ ತರ್ಲಿ?"

ಬೀರಣ್ಣ ಬಾಗಿಲ ಸಂದಿಯಿಂದ ಇಣುಕಿದ. ಸಪ್ನಾ ತಾನು ಉದ್ದ ಕಾಣಬಾರದೆಂದು ಬೆಳಗಿನಿಂದ ಬೆನ್ನು ಬಾಗಿಸಿಕೊಂಡೇ ಕೂತಿದ್ದಳು. ಈಗ ಮುಕ್ತಾಬಾಯಿ ಅವಳ ಬೆನ್ನು ತಟ್ಟಿ, "ಸರಳ ಕುಂದ್ರು ಮಗಳ, ನಮ್ಮ ಅಟ್ಟದ ಮ್ಯಾಲಿನ ಡಬ್ಬಿ ತಗ್ಯಾಕ ಒಬ್ರು ಬೇಕಾಗಿತ್ತು" ಅಂದಳು. ಹುಡುಗಿ ನೆಟ್ಟಗೆ ಕೂತು ನಕ್ಕಳು. ಪಕ್ಕದಲ್ಲಿದ್ದ ಅಮೋಲನೂ ಅವಳನ್ನೇ ನೋಡುತ್ತ ನಕ್ಕ. ಬೀರಣ್ಣನಿಗೆ ಕಾಯಂ ಆಗುವ ಆಸೆ ಇತ್ತು, ಇಲ್ಲವೆಂದಲ್ಲ. ಆದರೆ ಆ ತಾಟಿಗೆ ಕೈ ಹಾಕುವಷ್ಟು ಧೈರ್ಯ ಅವನಿಗೆ ಬರಲಿಲ್ಲ. ಅವನು ಹೋಗಿ ತನ್ನ ಚಾವಿಗೆ ತಾನೇ ನಮಸ್ಕಾರ ಹಾಕಿ, ಹೂರಣದ ಹೋಳಿಗೆ ತಿಂದು, ಬಂದ ದಾರಿ ಹಿಡಿದ.

ಬಸ್ಸಿನಲ್ಲಿ ಉದ್ದಕ್ಕೂ ಅವನಿಗೆ ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ಕಾಯಂ ಆದ ದಿನ ಪೇಢೆ ಹಂಚುತ್ತೇನೆಂದು ಓಣಿಯಲ್ಲೆಲ್ಲ ಹೇಳಿಬಿಟ್ಟಿದ್ದಳು.

ಕಾರ್ಖಾನೆಗೆ ಬಂದಾಗ ಡ್ರಾಯರಿನ ಮುಂದೆ ಜನ ನೆರೆದಿದ್ದರು. ಯೋಗಿರಾಜ ಕಟರ್ ಹಿಡಿದು ಬೀಗದ ಕಡೆ ಬಾಗಿದ್ದ. ನಿತಿನ ಬೆವರೊರೆಸಿಕೊಳ್ಳುತ್ತಿದ್ದ. ಅವನ ಪಕ್ಕದಲ್ಲಿ ಹೆಲ್ಮೆಟ್ ಧರಿಸಿದ ಹೆಂಗಸೊಬ್ಬಳು ನಿಂತಿದ್ದಳು. ಪುಣೆಯ ಶುಭಾಂಗಿ ಮೇಡಂ ಹೇಳಿದ್ದಕ್ಕಿಂತ ಮೊದಲೇ ಬಂದುಬಿಟ್ಟಿದ್ದಳು.

"ಚಾವಿ?" ಅಂದ ನಿತಿನ.

ಚಾವಿ ಇಲ್ಲ ಎಂದರೆ ಕಟರ್ ಬೀಗಕ್ಕೆ, ಆಮೇಲೆ ತನಗೆ. ಬೀರಣ್ಣನಿಗೆ ಸ್ವಲ್ಪ ಸಮಯ ಬೇಕಿತ್ತು, ಏಕೆಂದು ಅವನಿಗೇ ತಿಳಿಯದು. ಬಾಯಿಗೆ ಬಂದದ್ದನ್ನು ಕೂಗಿಬಿಟ್ಟ. "ತಡೀರಿ! ಕುಲುಪ ಕತ್ತರಸೂಕಿಂತ ಮೊದ್ಲ ಎಲ್ಲಾರ ತಲಿ ಎಣಸಬೇಕು. ಒಳಗ ಯಾರೂ ಇಲ್ಲಂತ ಬಾಗ್ಲಾ ತೆಗೆದು ನೋಡಬೇಕು. ರೂಲ್ ನಿಮ್ದ ಅದ ಸಾವ್ಕಾರ್ರ!"

"ಎಲ್ಲಾರೂ ಇಲ್ಲೇ ಅದಾರಲ್ಲೋ!" ನಿತಿನ ಹಲ್ಲು ಕಡಿದ.

ಶುಭಾಂಗಿ ಮೇಡಂ ಹುಟ್ಟಿದ್ದು ಸೊಲ್ಲಾಪುರದಲ್ಲೇ, ಕನ್ನಡ ಪೂರಾ ತಿಳಿಯುತ್ತಿತ್ತು. "ಅವರು ಖರೇ ಹೇಳಾಕತ್ತಾರ. ಎಣಸ್ರಿ" ಅಂದಳು.

ಎಣಿಸಿದರು. ಒಂದು ತಲೆ ಕಡಿಮೆ ಬಂತು. ಮತ್ತೆ ಎಣಿಸಿದರು. ಆಗಲೂ ಅಷ್ಟೇ.

"ಕಾಮಣ್ಣ ಎಲ್ಲಿ?" ಎಂದು ಯಾರೋ ಕೇಳಿದರು.

ಯೋಗಿರಾಜನ ಕೈಯಿಂದ ಕಟರ್ ಜಾರಿ ಬಿತ್ತು. ಬೀರಣ್ಣನೇ ಓಡಿ ಡ್ರಾಯರಿನ ಬಾಗಿಲು ಎಳೆದ. ಒಳಗೆ, ದೊಡ್ಡ ರೋಲರುಗಳ ನಡುವೆ, ಟವೆಲ್ ರಾಶಿಯ ಮೇಲೆ, ಇನ್ನೊಂದು ಟವೆಲ್ ಮುಖದವರೆಗೆ ಹೊದ್ದುಕೊಂಡು ಕಾಮಣ್ಣ ಗೊರಕೆ ಹೊಡೆಯುತ್ತಿದ್ದ. ಬೀಗ ಕತ್ತರಿಸಿ ಬಟನ್ ಒತ್ತಿದ್ದರೆ ಅವನೂ ರೋಲರಿನೊಳಗೆ ಹೋಗುತ್ತಿದ್ದ. ನಿತಿನ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಬೀರಣ್ಣ ಕಾಮಣ್ಣನ ಕೊರಳಪಟ್ಟಿ ಹಿಡಿದು ಹೊರಗೆಳೆದು, ಬೈಯಬೇಕೆಂದು ಬಾಯಿ ತೆರೆದು, ತಬ್ಬಿಕೊಂಡು ಅತ್ತ.

ಕಾಮಣ್ಣ ಕಣ್ಣುಜ್ಜಿಕೊಳ್ಳುತ್ತ, "ಚಾವಿ ಸಿಕ್ತೇನ?" ಅಂದ.

ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಯಾರೋ ನಗಲು ಶುರುಮಾಡಿದರು, ಆಮೇಲೆ ಇಡೀ ಶೆಡ್ಡು ನಕ್ಕಿತು. ಮೇಡಂ ಒಬ್ಬಳೇ ಗಂಭೀರವಾಗಿ ಬೀರಣ್ಣನ ಎದುರು ಬಂದು ನಿಂತಳು.

"ಚಾವಿ ಎಲ್ಲಿ ಇಟ್ಟೀರಿ?"

ಬೀರಣ್ಣನಿಗೆ ಸುಳ್ಳು ಹೇಳಿ ರೂಢಿಯಿಲ್ಲ. "ದೇವರ ಮುಂದ ಇಟ್ಟು ಬಂದೀನ್ರಿ."

ಮೇಡಂ ನಿತಿನನ ಕಡೆ ತಿರುಗಿದಳು. "ನೋಡ್ರಿ. ಯಾರು ಎಷ್ಟ ಜೋರು ಮಾಡಿದ್ರೂ ಕೈಗೆ ಸಿಗಬಾರದು ಅಂತ ಚಾವಿ ದೇವರ ಮುಂದ ಇಟ್ಟಾರ. ಇಂಥಾ ಮನಷ್ಯಾ ನಿಮ್ಮಲ್ಲೆ ಟೆಂಪರ್ವರಿ?"

ಬೀರಣ್ಣ ಏನೋ ತಿದ್ದಲು ಹೋದ, ನಿತಿನ ಅವನ ಕಾಲು ತುಳಿದ. ಬಾಗಿಲು ತೆರೆದು ಒಳಗೆಲ್ಲ ನೋಡಿ, ಮೇಡಂ ಎದುರಿಗೇ ಬೀಗ ಕತ್ತರಿಸಿದರು. ಡ್ರಾಯರ್ ಗುಂಯ್ ಎಂದು ತಿರುಗಿತು. ತಪಾಸಣೆ ಪಾಸಾಯಿತು, ಬೀರಣ್ಣ ಕಾಯಂ ಆದ. ಹೆಂಡತಿಗೆ ಫೋನು ಮಾಡಿ ಪೇಢೆ ತರಲು ಹೇಳಿದ. ಬೆಳಗಿನಿಂದ ಹೊತ್ತಿದ್ದ ಭಾರವೆಲ್ಲ ಇಳಿದು, ಅವನು ಒಂದು ಕಪ್ ಚಹಾ ಕುಡಿದ.

ಚಹಾ ಮುಗಿಯುವಷ್ಟರಲ್ಲಿ ನಿತಿನ ಬಂದ. ಎರಡೂ ಕೈ ತುಂಬ ಕೆಂಪು ಚಾವಿಗಳಿದ್ದವು.

"ಬೀರಣ್ಣ, ಇವತ್ತಿಂದ ನೀ ಸೇಫ್ಟಿ ಸುಪರ್ವೈಜರ್. ಪಾಳಿ ಮುಗದ ಮ್ಯಾಲ ಎಲ್ಲಾ ಮಶೀನಿನ ಚಾವಿ ನಿನ್ನ ಕಡೆ. ಮುಂಜಾನಿ ನೀನ ಹಂಚಬೇಕು. ಒಂದು ಕಳದ್ರೂ ಕಾಯಂ ಕ್ಯಾನ್ಸಲ್ ಅಂತ ಮೇಡಂ ಬರದು ಹೋಗ್ಯಾರ."

"ಸಾವ್ಕಾರ್ರ, ಇಷ್ಟೆಲ್ಲಾ ಎಲ್ಲಿ ಇಡ್ಲಿ?"

"ಕೊರಳಾಗ ಹಾಕ್ಕೊಳ್ಳಾಕ ಬಂದಿ. ನಿನ್ನ ಕಿಸೆ ತೂತು. ಆ ಭಂಡಾರದ ಚೀಲದಾಗ ಇಟ್ಕೊ. ದೇವರ ಕಡೆ ಇದ್ರ ಯಾರೂ ಮುಟ್ಟೂದಿಲ್ಲ" ಎಂದು ನಿತಿನ ತಾನೇ ಚೀಲದ ಬಾಯಿ ಬಿಡಿಸಿ, ಕೈಯಾರೆ ಸುರಿದು ಹೋದ.

ಆಗ ರೇವಮ್ಮನ ಫೋನು ಬಂತು. "ಬೀರಣ್ಣ! ಲಗ್ನ ಗಟ್ಟಿ ಆತೋ ತಮ್ಮಾ! ನಿನ್ನ ಉಪಕಾರ ಮರಿಯೂದಿಲ್ಲ. ಭಂಡಾರ ಯಾರು ಕೊಟ್ರು ಅಂತ ಮುಕ್ತಾಬಾಯಿ ಕೇಳಿದ್ರು, ನಿನ್ನ ಹೆಸರ ಹೇಳೀನಿ. ಅವರ ಸಂಗಾಟ ಬಂದವರ ಮನ್ಯಾಗೆಲ್ಲಾ ಲಗ್ನಕ್ಕ ನಿಂತ ಮಕ್ಕಳು ಅದಾವ. ಟೆಂಪೋ ಮಾಡ್ಕೊಂಡು ನಿಮ್ಮಲ್ಲೇ ಬರಾಕತ್ತಾರ, ಇಷ್ಟೊತ್ತಿಗೆ ಮುಟ್ಟಿರಬೇಕು. ಹೆಂಗೂ ಅಮಾಸಿ ಇನ್ನೂ ಮುಗದಿಲ್ಲಲ್ಲ!"

ಬೀರಣ್ಣ ತಲೆ ಎತ್ತಿ ನೋಡಿದ. ಗೇಟಿನ ಮುಂದೆ ಟೆಂಪೋ ನಿಂತಿತ್ತು. ಅದರಿಂದ ಒಬ್ಬೊಬ್ಬರಾಗಿ ಹೆಂಗಸರು ಇಳಿಯುತ್ತಿದ್ದರು. ಓಡಿಹೋಗೋಣವೆಂದರೆ ಇದ್ದದ್ದು ಅದೊಂದೇ ಗೇಟು.

ಮುಂದಿನವಳು ಬಂದು ಭಕ್ತಿಯಿಂದ ಸೆರಗು ಒಡ್ಡಿದಳು. "ಹಿಡಿ ತುಂಬ ಕೊಡ್ರಿ ಅಣ್ಣಾರ."

ಕೇಳಿದವರಿಗೆ ಇಲ್ಲ ಅನ್ನುವಂತಿಲ್ಲ, ಕೊಡುವಾಗ ನೋಡುವಂತಿಲ್ಲ. ಬೀರಣ್ಣ ಕಣ್ಣು ಮುಚ್ಚಿ ಚೀಲಕ್ಕೆ ಕೈ ಹಾಕಿದ. ಒಳಗೆ ಚಾವಿಗಳು ಗಲ್ಲೆಂದವು. ಹೆಂಗಸರೆಲ್ಲ ಒಟ್ಟಿಗೆ ಕೈ ಮುಗಿದರು.